ಮಗನ ಐಸ್ ಹಾಕಿ ಸ್ಕೇಟ್ಸ್ ಒಂದು ಸೈಜ್ ದೊಡ್ಡದೇ ತಗೊಂಡ್ರೆ ಎರಡು ಸೀಸನ್ ಬರಲ್ವಾ?

ಓದುಗರ ಪ್ರಶ್ನೆ: ನಮಸ್ತೆ, ನಾವು ಕೆನಡಾದ ಬ್ರಾಂಪ್ಟನ್‌ನಲ್ಲಿದ್ದೀವಿ. ಮಗನಿಗೆ 9 ವರ್ಷ, ಹೋದ ಚಳಿಗಾಲದಲ್ಲಿ ಸ್ಕೇಟಿಂಗ್ ಕ್ಲಾಸ್ ಮುಗಿಸಿದ, ಈ ಸಲ ಹೌಸ್ ಲೀಗ್ (ಊರಿನ ಮಕ್ಕಳ ಸ್ಥಳೀಯ ಲೀಗ್) ಹಾಕಿಗೆ ಸೇರಿಸಿದ್ದೀವಿ. ಅವನ ಶೂ ಸೈಜ್ 3. ಅಂಗಡೀಲಿ 2 ಸಾಕು ಅಂತಾರೆ, ನಂಗೆ ಇದು ವಿಚಿತ್ರ ಅನ್ಸ್ತು. ಬೆಳೆಯೋ ಹುಡುಗ, ಮೂರೋ ಮೂರೂವರೆನೋ ತಗೊಂಡು ದಪ್ಪ ಸಾಕ್ಸ್ ಹಾಕ್ಸಿದ್ರೆ ಎರಡು ವರ್ಷ ಓಡಲ್ವಾ? ಇನ್ನೊಂದು, ಸ್ವಲ್ಪ ದುಬಾರಿ ಮಾಡೆಲ್ ಕೊಡ್ಸಿದ್ರೆ ಬೇಗ ಕಲೀತಾನಾ?

ಎರಡಕ್ಕೂ ಒಂದೇ ಉತ್ತರ, ಇಲ್ಲ. ಅಂಗಡಿಯವ್ರು ಹೇಳಿದ್ದು ಸರಿಯಾಗೇ ಇದೆ, ಮುಂದಿನ ವರ್ಷ ಮತ್ತೆ ಬರ್ಲಿ ಅಂತ ಚಿಕ್ಕದು ಕಟ್ತಿಲ್ಲ.

ನಿಮ್ಮ ಲೆಕ್ಕಾಚಾರ ಎಲ್ಲಿಂದ ಬಂತು ಅಂತ ನಂಗೊತ್ತು ಬಿಡಿ. ಜೂನ್‌ನಲ್ಲಿ ಸ್ಕೂಲ್ ಶುರುವಾಗೋಕೆ ಮುಂಚೆ ಶೂ ಅಂಗಡಿಗೆ ಹೋದ್ರೆ ಅಪ್ಪ ಬಗ್ಗಿ ಹೆಬ್ಬೆಟ್ಟಲ್ಲಿ ಶೂ ಮೂತಿ ಒತ್ತಿ ನೋಡಿ, ಇನ್ನೂ ಒಂದು ಬೆರಳು ಜಾಗ ಇದೆ ಅಂತ ಖಾತ್ರಿಯಾದ್ಮೇಲೇ ದುಡ್ಡು ಕೊಡ್ತಿದ್ದಿದ್ದು, ಮೊದಲ ಕೆಲವು ತಿಂಗಳು ಮುಂದೆ ಹತ್ತಿ ತುರ್ಕೊಂಡು ಓಡಾಡ್ತಿದ್ವಿ, ಯಾರಿಗೂ ಏನೂ ಆಗ್ಲಿಲ್ಲ. ನಡೆಯೋ ಶೂಗೆ ಆ ಲೆಕ್ಕ ನಡೆಯುತ್ತೆ. ಐಸ್ ಮೇಲೆ ನಡೆಯಲ್ಲ.

ಮೊದ್ಲು ಈ ನಂಬರ್ ಗೊಂದಲ ಬಗೆಹರಿಸ್ಕೊಳ್ಳೋಣ. ಬಾವರ್, ಸಿಸಿಎಂ, ಟ್ರೂ, ಯಾವ ಕಂಪನಿದೇ ತಗೊಳ್ಳಿ, ಹಾಕಿ ಸ್ಕೇಟ್ಸ್ ನಂಬರ್ ನಾವು ದಿನಾ ಹಾಕೋ ಶೂ ನಂಬರ್‌ಗಿಂತ ಸಾಮಾನ್ಯವಾಗಿ 1ರಿಂದ ಒಂದೂವರೆ ಕಮ್ಮಿ ಇರುತ್ತೆ. ಚಿಕ್ಕ ಮಕ್ಕಳಲ್ಲಿ ಕೆಲವು ಸಲ ಅರ್ಧ ಮಾತ್ರ ಕಮ್ಮಿ ಇರಬಹುದು. ಅಂದ್ರೆ 3 ನಂಬರ್ ಶೂ ಹಾಕೋ ಹುಡುಗನಿಗೆ 2 ನಂಬರ್ ಸ್ಕೇಟ್ಸ್ ಅನ್ನೋದು ಚಿಕ್ಕದೇನಲ್ಲ, ಅದೇ ಅವನ ಸೈಜ್. ನೀವು ಮೂರೂವರೆ ತಗೊಂಡ್ರೆ ಅರ್ಧ ಸೈಜ್ ದೊಡ್ಡದಾಗಲ್ಲ, ಒಂದೂವರೆ ಸೈಜ್ ದೊಡ್ಡದಾಗುತ್ತೆ. ಮನೇಲಿರೋ ಅವನ ಸ್ನೀಕರ್ಸನ್ನೂ ಬೆಳೀಲಿ ಅಂತ ದೊಡ್ಡದೇ ತಗೊಂಡಿದ್ರಂತೂ ಕೇಳೋದೇ ಬೇಡ, ಅದಕ್ಕೇ ಶೂ ನಂಬರ್ ನಂಬ್ಕೊಂಡು ಆನ್‌ಲೈನ್ ಆರ್ಡರ್ ಮಾಡ್ಬೇಡಿ, ಅಂಗಡೀಲಿ ಎರಡೂ ಕಾಲು ಅಳತೆ ಮಾಡ್ಸಿ. ತುಂಬಾ ಜನರಿಗೆ ಒಂದು ಪಾದ ಇನ್ನೊಂದಕ್ಕಿಂತ ಸ್ವಲ್ಪ ಉದ್ದ ಇರುತ್ತೆ, ಉದ್ದ ಇರೋ ಪಾದಕ್ಕೆ ಸರಿಹೋಗೋದನ್ನ ತಗೋಬೇಕು.

ಈಗ ದೊಡ್ಡದಾದ್ರೆ ಆಗೋದೇನು ಅಂತ ನೋಡಿ. ಸ್ಕೇಟ್ ಬ್ಲೇಡ್ ತಳ ಚಪ್ಪಟೆ ಇರಲ್ಲ, ಮಧ್ಯದಲ್ಲಿ ಉದ್ದಕ್ಕೂ ಸಣ್ಣ ತಗ್ಗು ಕೊರೆದಿರ್ತಾರೆ, ಅದರಿಂದ ಒಳಗಡೆ ಒಂದು ಹೊರಗಡೆ ಒಂದು ಅಂತ ಎರಡು ಅಂಚು ಸಿಗುತ್ತೆ. ತಿರುಗೋದು, ನಿಲ್ಲೋದು, ಹಿಂದಕ್ಕೆ ಜಾರೋದು ಎಲ್ಲಾ ಈ ಎರಡು ಅಂಚಿನ ಆಟ, ಪಾದ ಸ್ವಲ್ಪ ವಾಲಿಸಿದ್ರೆ ಬ್ಲೇಡ್ ಅಷ್ಟೇ ವಾಲ್ಬೇಕು, ತಕ್ಷಣ ವಾಲ್ಬೇಕು. ಬೂಟ್ ಒಳಗೆ ಹಿಮ್ಮಡಿ ಅಲ್ಲಾಡೋಕೆ ಜಾಗ ಇದ್ರೆ ಮಗು ಪಾದ ವಾಲಿಸುತ್ತೆ, ಬೂಟ್ ಅಲ್ಲೇ ಇರುತ್ತೆ, ಒಂದು ಕ್ಷಣ ಆದ್ಮೇಲೆ ವಾಲುತ್ತೆ, ಆ ಹೊತ್ತಿಗೆ ಹುಡುಗ ಬಿದ್ದಿರ್ತಾನೆ. ಜೊತೆಗೆ ಬೂಟ್ ದೊಡ್ಡದಾದ ಹಾಗೆ ಕೆಳಗಿನ ಬ್ಲೇಡೂ ಉದ್ದ ಆಗುತ್ತೆ ಅನ್ನೋದನ್ನ ಯಾರೂ ಯೋಚ್ನೆ ಮಾಡಲ್ಲ. ಪಾದ ಒಂದು ಕಡೆ, ಬ್ಲೇಡಿನ ಸಮತೋಲದ ಜಾಗ ಇನ್ನೊಂದು ಕಡೆ.

ರಿಂಕ್ ಪಕ್ಕದ ಬೆಂಚಲ್ಲಿ ಕೂತ್ಕೊಂಡು ನೋಡಿದ್ರೆ ಕೆಲವು ಮಕ್ಕಳ ಎರಡೂ ಕಾಲು ಆ್ಯಂಕಲ್ ಹತ್ರ ಒಳಕ್ಕೆ ಮಡಚ್ಕೊಂಡಿರುತ್ತೆ, ಅಪ್ಪ ಅಮ್ಮ 'ಇವನ ಆ್ಯಂಕಲ್ ವೀಕು' ಅಂತ ತೀರ್ಮಾನ ಮಾಡಿರ್ತಾರೆ, ಮನೇಲಿ ಎಕ್ಸರ್‌ಸೈಜ್ ಬೇರೆ ಮಾಡಿಸ್ತಿರ್ತಾರೆ ಪಾಪ. ಎಷ್ಟೋ ಸಲ ಆ್ಯಂಕಲ್‌ಗೆ ಏನೂ ಆಗಿರಲ್ಲ, ಬೂಟ್ ದೊಡ್ಡದಾಗಿರುತ್ತೆ ಇಲ್ಲಾ ಹಳೇದಾಗಿ ಮೆತ್ತಗಾಗಿರುತ್ತೆ, ಸರಿ ಸೈಜ್ ಹಾಕ್ಸಿದ ದಿನವೇ ಕಾಲು ನೆಟ್ಟಗಾಗುತ್ತೆ.

ಸಡಿಲ ಇದ್ರೆ ಲೇಸ್ ಬಿಗಿಯಾಗಿ ಕಟ್ಟಿದ್ರಾಯ್ತು ಅಂತೀರಾ? ಅಲ್ಲೇ ಇನ್ನೊಂದು ತಾಪತ್ರಯ. ಪಾದದ ಮೇಲ್ಭಾಗದಲ್ಲಿ ಆ್ಯಂಕಲ್ ಮುಂದೆ ಹಾದುಹೋಗೋ ಸ್ನಾಯುರಜ್ಜು ಮೇಲೆ ಲೇಸು, ಬೂಟಿನ ನಾಲಿಗೆ ಎರಡೂ ಒತ್ತಿ ಒತ್ತಿ ಊದಿ ನೋವಾಗುತ್ತೆ, ಹಾಕಿಯವ್ರು ಇದನ್ನ ಲೇಸ್ ಬೈಟ್ ಅಂತಾರೆ. ಹಿಮ್ಮಡಿ ಹಿಂದೆ ಉಜ್ಜಿ ಉಜ್ಜಿ ಮೂಳೆ ಉಬ್ಬಿದ ಹಾಗೆ ಗಂಟು ಬರೋದೂ ಇದೆ, ಅದಕ್ಕೆ ಕಂಪನಿ ಹೆಸರನ್ನೇ ಅಂಟಿಸಿ ಬಾವರ್ ಬಂಪ್ ಅಂತ ಕರೀತಾರೆ, ಯಾವ ಕಂಪನಿ ಸ್ಕೇಟಲ್ಲಿ ಬಂದ್ರೂ ಹೆಸರು ಮಾತ್ರ ಅದೇ. ದಪ್ಪ ಸಾಕ್ಸ್ ಉಪಾಯವೂ ಬೇಡ. ಉಣ್ಣೆ ಸಾಕ್ಸ್ ಒಳಗೆ ಪಾದ ಜಾರುತ್ತೆ, ಬೆವರುತ್ತೆ, ಒದ್ದೆ ಆದ್ಮೇಲೆ ಬಿಸಿ ಇರೋದಿರ್ಲಿ ಇನ್ನೂ ಚಳಿ ಆಗುತ್ತೆ. ತೆಳ್ಳಗಿನ ಒಂದೇ ಜೊತೆ ಸಾಕ್ಸ್, ಅಷ್ಟೇ. ಅಂಗಡಿಗೆ ಹೋಗುವಾಗ್ಲೂ ಅದನ್ನೇ ಹಾಕಿಸ್ಕೊಂಡು ಹೋಗಿ.

ಅಂಗಡೀಲಿ ನೋಡ್ಬೇಕಾದ್ದು ಇದು. ಲೇಸ್ ಪೂರ್ತಿ ಸಡಿಲ ಮಾಡಿ ಕಾಲು ಹಾಕ್ಸಿ, ಬೆರಳುಗಳು ಬೂಟಿನ ಮೂತಿಯ ಗಟ್ಟಿ ಟೋಪಿಗೆ ತಾಗೋವರೆಗೂ ಪಾದ ಮುಂದಕ್ಕೆ ತಳ್ಳೋಕೆ ಹೇಳಿ, ಈಗ ಹಿಮ್ಮಡಿ ಹಿಂದೆ ನಿಮ್ಮ ಒಂದು ಬೆರಳು ಕಷ್ಟಪಟ್ಟು ಹೋಗ್ಬೇಕು. ಬೆಳೆಯೋ ಮಕ್ಕಳಿಗೆ ಬಿಡಬಹುದಾದ ಜಾಗ ಅಂದ್ರೆ ಇದಿಷ್ಟೇ, ಎರಡು ಬೆರಳು ಆರಾಮಾಗಿ ಹೋಯ್ತೋ ಆ ಜೋಡಿ ವಾಪಸ್ ಕೊಡಿ. ಆಮೇಲೆ ಕೂತ್ಕೊಂಡೇ ಹಿಮ್ಮಡಿಯನ್ನ ನೆಲಕ್ಕೆ ಎರಡು ಸಲ ಕುಟ್ಟಿಸಿ, ನೆಲಕ್ಕೆ ಅಂದ್ರೆ ಅಂಗಡಿಯ ರಬ್ಬರ್ ಮ್ಯಾಟ್ ಮೇಲೆ, ಆಗ ಪಾದ ಹಿಂದಕ್ಕೆ ಹೋಗಿ ಕೂರುತ್ತೆ. ಲೇಸ್ ಕಟ್ಟಿ ನಿಲ್ಲಿಸಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ಸೋಕಿಯೂ ಸೋಕದ ಹಾಗಿರ್ಬೇಕು, ಮಂಡಿ ಬಗ್ಗಿಸಿ ಆಡೋ ಭಂಗಿಗೆ ಬಂದಾಗ ಹಿಮ್ಮಡಿ ಇನ್ನೂ ಹಿಂದಕ್ಕೆ ಸರಿದು ಬೆರಳು ಬಿಡುವಾಗ್ಬೇಕು. ಮಕ್ಕಳು ನೆಟ್ಟಗೆ ನಿಂತ್ಕೊಂಡು 'ತಾಗ್ತಿದೆ' ಅಂದ ಕೂಡ್ಲೇ ಅಮ್ಮಂದಿರು ಒಂದು ಸೈಜ್ ದೊಡ್ಡದು ಕೊಡಿ ಅಂತಾರೆ, ಸ್ವಲ್ಪ ತಡೀರಿ, ಮಂಡಿ ಬಗ್ಗಿಸಿದ ಮೇಲೆ ಕೇಳಿ. ಬೆರಳು ಮಡಚಿಕೊಂಡ್ರೆ ಮಾತ್ರ ಚಿಕ್ಕದು ಅಂತ ಅರ್ಥ. ಕಟ್ಟಿದ ಮೇಲೆ ಹಿಮ್ಮಡಿ ಮೇಲಕ್ಕೆ ಎತ್ತೋಕೆ ಹೇಳಿ, ಒಳಗೆ ಎದ್ದು ಬಂದ್ರೆ ಆ ಮಾಡೆಲ್ ಅವನಿಗಲ್ಲ, ಸೈಜ್ ಸರಿ ಇದ್ರೂ ಸಹ.

ಉದ್ದ ಒಂದೇ ನೋಡಿ ಬಂದ್ಬಿಡ್ಬೇಡಿ, ಎತ್ತರ ಅಗಲನೂ ಇದೆ. ಲೇಸ್ ಕಟ್ಟೋ ಮುಂಚೆ, ಮೇಲಿನಿಂದ ಮೂರನೇ ತೂತಿನ ಹತ್ರ ಬೂಟಿನ ಎರಡು ಅಂಚಿಗೆ ಅಡ್ಡವಾಗಿ ಒಂದು ಪೆನ್ಸಿಲ್ ಇಡಿ. ಪೆನ್ಸಿಲ್ ಎರಡೂ ಅಂಚಿಗೆ ಕೂತ್ರೆ ಸರಿ, ಪಾದದ ಮೇಲೆ ಕೂತು ಅಲ್ಲಾಡಿದ್ರೆ ಬೂಟ್ ಆಳ ಸಾಲ್ದು, ಲೇಸ್ ಬೈಟ್ ಗ್ಯಾರಂಟಿ. ಕಟ್ಟಿದ ಮೇಲೆ ಎರಡೂ ಸಾಲಿನ ತೂತುಗಳು ಹೆಚ್ಚೂಕಮ್ಮಿ ಸಮಾನಾಂತರ ಕಾಣ್ಬೇಕು, ಒಂದಕ್ಕೊಂದು ಅಂಟಿಕೊಂಡ್ರೆ ಬೂಟ್ ಅಗಲ ಜಾಸ್ತಿ, ತೀರಾ ದೂರ ಇದ್ರೆ ಕಮ್ಮಿ. ಬಾವರ್‌ನವರು 2020ರಿಂದ ಫಿಟ್ 1, ಫಿಟ್ 2, ಫಿಟ್ 3 ಅಂತ ಕೊಡ್ತಾರೆ, 1 ಅಂದ್ರೆ ಸಣಕಲು ಪಾದ, 3 ಅಂದ್ರೆ ಅಗಲ ಮತ್ತು ತುಂಬಿದ ಪಾದ. ಸಿಸಿಎಂನವರದ್ದು ಟೇಪರ್ಡ್, ರೆಗ್ಯುಲರ್, ವೈಡ್. ಹಳೇ ಮಾಡೆಲ್‌ಗಳ ಮೇಲೆ ಡಿ ಅಂತಿದ್ರೆ ಸಾಧಾರಣ ಅಗಲ, ಡಬಲ್ ಇ ಅಂತಿದ್ರೆ ಜಾಸ್ತಿ ಅಗಲ. ಮಕ್ಕಳ ಕಮ್ಮಿ ಬೆಲೆ ಮಾಡೆಲ್‌ಗಳಲ್ಲಿ ಎಲ್ಲಾ ಅಗಲನೂ ಸಿಗಲ್ಲ, ಸಿಕ್ಕಿದ್ರಲ್ಲಿ ಹತ್ತಿರದ್ದು ನೋಡ್ಬೇಕು. ಬೇಸಿಗೆಯೆಲ್ಲಾ ಚಪ್ಪಲಿ ಹಾಕ್ಕೊಂಡು ಅಗಲವಾಗಿ ಬೆಳೆದ ಪಾದ ಇದ್ರೆ ಮುಲಾಜಿಲ್ದೆ ಅಗಲದ್ದೇ ಕೇಳಿ, ಉದ್ದ ಹೆಚ್ಚಿಸಿ ಅಗಲ ಹೊಂದಿಸೋ ಕೆಲ್ಸ ಬೇಡ.

ಯಾವ ಕಂಪನಿ ಒಳ್ಳೇದು ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತೆ. ಬಾವರ್ ಒಂಟಾರಿಯೊದ ಕಿಚನರ್‌ನಲ್ಲಿ 1927ರಲ್ಲಿ ಶುರುವಾಗಿದ್ದು, ಸಿಸಿಎಂ ಇನ್ನೂ ಹಳೇದು, 1899ರಲ್ಲಿ ಸೈಕಲ್ ಮಾಡೋ ಕಂಪನಿಯಾಗಿ ಹುಟ್ಟಿದ್ದು, ಹೆಸರಲ್ಲಿರೋ ಎರಡನೇ ಸಿ ಸೈಕಲ್‌ದೇ. ಎರಡೂ ಚೆನ್ನಾಗಿರುತ್ತೆ. ಮಗನ ಪಾದ ಯಾವುದಕ್ಕೆ ಒಗ್ಗುತ್ತೋ ಅದು ಒಳ್ಳೇದು, ಟೀಮಲ್ಲಿ ಪಕ್ಕದ ಹುಡುಗ ಏನು ಹಾಕಿದಾನೆ ಅನ್ನೋದು ಲೆಕ್ಕಕ್ಕೇ ಇಲ್ಲ.

ಈಗ ದುಬಾರಿ ಮಾಡೆಲ್ ವಿಷಯ. ಬೆಲೆ ಏರಿದ ಹಾಗೆ ಬೂಟ್ ಗಟ್ಟಿ ಆಗುತ್ತೆ, ಹಗುರ ಆಗುತ್ತೆ. ದೊಡ್ಡವರ ಟಾಪ್ ಮಾಡೆಲ್ ಸಾವಿರ ಡಾಲರ್ ದಾಟುತ್ತೆ, ಅದು ಇರೋದು ತೊಂಬತ್ತು ಕೆಜಿ ತೂಗೋ ಆಟಗಾರ ಪೂರ್ತಿ ಜೋರಲ್ಲಿ ಒದ್ದು ತಿರುಗಿದ್ರೂ ಬಾಗದೇ ಇರ್ಲಿ ಅಂತ. ಅದರ ಮಕ್ಕಳ ಆವೃತ್ತಿ ಅಷ್ಟು ಕಠಿಣ ಇರಲ್ಲ ನಿಜ, ಆದ್ರೂ ಮೂವತ್ತು ಕೆಜಿ ಹುಡುಗನಿಗೆ ತೀರಾ ಗಟ್ಟಿ ಬೂಟ್ ಹಾಕ್ಸಿದ್ರೆ ಆ್ಯಂಕಲ್ ಮುಂದಕ್ಕೆ ಬಗ್ಗಲ್ಲ, ಆ್ಯಂಕಲ್ ಬಗ್ಗದೇ ಇದ್ರೆ ಮಂಡಿ ಬಗ್ಗಲ್ಲ, ಮಂಡಿ ಬಗ್ಗದೇ ಇದ್ರೆ ಸ್ಕೇಟಿಂಗೇ ಇಲ್ಲ, ಕೋಚ್ ಎಷ್ಟು ಕೂಗಿದ್ರೂ ಅವನು ಕಂಬದ ಹಾಗೆ ನಿಂತ್ಕೊಂಡೇ ಜಾರ್ತಾನೆ. ಹಾಗಂತ ಸೂಪರ್‌ಮಾರ್ಕೆಟ್‌ನಲ್ಲಿ ಸಿಗೋ ತೀರಾ ಮೆತ್ತನೆಯದೂ ಬೇಡ, ಕೈಯಲ್ಲಿ ಬೂಟಿನ ಎರಡು ಪಕ್ಕ ಹಿಡಿದು ಒತ್ತಿ ನೋಡಿ, ಒಂದಕ್ಕೊಂದು ಸುಲಭವಾಗಿ ತಾಗಿದ್ರೆ ಅದು ವೀಕೆಂಡ್ ಮೋಜಿಗೆ ಸರಿ, ಹಾಕಿಗಲ್ಲ. ಮೊದಲ ವರ್ಷದ ಹೌಸ್ ಲೀಗ್ ಹುಡುಗನಿಗೆ ಕಂಪನಿಯ ಕೆಳಗಿನಿಂದ ಎರಡನೇ ಮೂರನೇ ಮೆಟ್ಟಿಲ ಮಾಡೆಲ್ ಧಾರಾಳ ಆಯ್ತು.

ನಿಜವಾಗ್ಲೂ ಉಳಿತಾಯ ಬೇಕಾದ್ರೆ ಸೈಜಲ್ಲಿ ಹುಡುಕ್ಬೇಡಿ, ಸೆಕೆಂಡ್ ಹ್ಯಾಂಡಲ್ಲಿ ಹುಡುಕಿ. ಈ ವಯಸ್ಸಿನ ಮಕ್ಕಳ ಪಾದ ಒಂದು ಸೀಸನ್‌ಗೆ ಅರ್ಧ ಒಂದು ಸೈಜ್ ಬೆಳೀಬಹುದು, ಹಾಗಾಗಿ ಆರು ತಿಂಗಳು ಕೂಡಾ ಸರಿಯಾಗಿ ಹಾಕದ ಸ್ಕೇಟ್ಸ್ ಕೆನಡಾ ತುಂಬಾ ಬೇಕಾದಷ್ಟಿದೆ, ಹಳೇದು ಕೊಟ್ಟು ಇನ್ನೊಂದು ತಗೊಳ್ಳೋ ಅಂಗಡಿಗಳೂ ಇವೆ. ನೋಡ್ಬೇಕಾದ್ದು ಏನಪ್ಪಾ ಅಂದ್ರೆ ಬೂಟ್ ಆ್ಯಂಕಲ್ ಹತ್ರ ಮಡಿಕೆ ಬಿದ್ದು ಕುಸಿದಿರ್ಬಾರ್ದು, ಮುಂದಿನ ಟೋಪಿ ಸೀಳಿರ್ಬಾರ್ದು, ಬ್ಲೇಡ್ ಹಿಡಿಯೋ ಪ್ಲಾಸ್ಟಿಕ್‌ನಲ್ಲಿ ಬಿರುಕು ಇರ್ಬಾರ್ದು, ರಿವೆಟ್ ಅಲ್ಲಾಡ್ಬಾರ್ದು, ಮತ್ತೆ ಸಾಣೆ ಹಿಡಿಸಿ ಹಿಡಿಸಿ ಬ್ಲೇಡ್ ಎತ್ತರ ಸವೆದು ಹೋಗಿರ್ಬಾರ್ದು. ಮೇಲೆ ಮೇಲೆ ಇರೋ ತುಕ್ಕು ಸಾಣೆಯಲ್ಲಿ ಹೋಗುತ್ತೆ, ಅಂಚಿನಲ್ಲಿ ಗುಳಿ ಬಿದ್ದಿದ್ರೆ ಹೋಗಲ್ಲ. ಒಂದು ತೊಂದ್ರೆ ಏನಂದ್ರೆ ಹಳೇ ಬೂಟ್ ಇನ್ಯಾರದೋ ಕಾಲಿನ ಅಚ್ಚಿಗೆ ಕೂತಿರುತ್ತೆ, ಅದನ್ನ ಮತ್ತೆ ಬಿಸಿ ಮಾಡಿಸಿ ಸ್ವಲ್ಪ ಮಟ್ಟಿಗೆ ಸರಿಪಡಿಸಬಹುದು.

ಈ ಬಿಸಿ ಮಾಡೋದು ಅಂದ್ರೆ ಬೇಕಿಂಗ್. ಇತ್ತೀಚಿನ ತುಂಬಾ ಸ್ಕೇಟ್ಸ್ ಶಾಖಕ್ಕೆ ಮೆತ್ತಗಾಗೋ ವಸ್ತುವಿನಲ್ಲಿ ಮಾಡಿರ್ತಾರೆ, ಅಂಗಡಿಯ ಪುಟ್ಟ ಓವನ್‌ನಲ್ಲಿ ಕೆಲವು ನಿಮಿಷ ಇಟ್ಟು ತೆಗೆದು ಕಾಲಿಗೆ ಹಾಕಿ ಲೇಸ್ ಕಟ್ಟಿ ಹತ್ತು ಹದಿನೈದು ನಿಮಿಷ ಸುಮ್ಮನೆ ಕೂರಿಸ್ತಾರೆ, ಆಗ ಬೂಟ್ ಆ ಪಾದದ ಆಕಾರ ತಗೊಳ್ಳುತ್ತೆ. ಆ ಹೊತ್ತಲ್ಲಿ ಎದ್ದು ಓಡಾಡಂಗಿಲ್ಲ, 9 ವರ್ಷದ ಹುಡುಗನ್ನ ಅಷ್ಟು ಹೊತ್ತು ಕೂರಿಸೋದು ನಿಮ್ಮ ಜವಾಬ್ದಾರಿ, ಫೋನ್ ಕೊಟ್ಟು ಕೂರಿಸಿ ಪರವಾಗಿಲ್ಲ. ಲೇಸ್ ಮೇಲಕ್ಕೆ ಎಳೀದೆ ಪಕ್ಕಕ್ಕೆ ಎಳೀಬೇಕು, ಇಲ್ದಿದ್ರೆ ಬಿಸಿಯಲ್ಲಿ ತೂತು ಕಿತ್ಕೊಂಡು ಬರುತ್ತೆ. ಮಾಡಿಸಿದ ಮೇಲೆ ಒಂದು ದಿನ ಐಸಿಗಿಳಿಸ್ಬೇಡಿ. ಮನೆ ಓವನಲ್ಲಿ ಮಾಡ್ಕೊಳ್ಳೋ ಸಾಹಸ ಬೇಡವೇ ಬೇಡ. ಇನ್ನೊಂದು ಮಾತು, ಬೇಕಿಂಗ್ ಅಲ್ಲಿ ಇಲ್ಲಿ ಒತ್ತೋದನ್ನ ಸರಿ ಮಾಡುತ್ತೆ, ತಪ್ಪು ಸೈಜನ್ನ ಸರಿ ಮಾಡಲ್ಲ.

ಊರಿಂದ ಫೋನ್ ಮಾಡಿ, ಬೆಂಗಳೂರಲ್ಲಿ ನಮ್ಮ ಹುಡುಗಿ ಇನ್‌ಲೈನ್ ಸ್ಕೇಟಿಂಗ್ ಮಾಡ್ತಾಳೆ, ಬರುವಾಗ ಅಲ್ಲಿಂದ ಒಂದು ಜೊತೆ ತಗೊಂಡು ಬನ್ನಿ ಅನ್ನೋರಿಗೂ ಇದೇ ಉತ್ತರ. ಗಾಲಿ ಇದ್ರೂ ಹಿಮ್ಮಡಿ ಲೆಕ್ಕ ಬದಲಾಗಲ್ಲ, ಕಾಲು ಇಲ್ಲದೆ ಬೂಟ್ ಕೊಳ್ಳೋದು ಅಂದಾಜಿನ ಕೆಲ್ಸ.

ಕೊನೇದಾಗಿ ಸಾಣೆ, ಇದನ್ನ ಹೊಸಬರು ಮರ್ತೇ ಬಿಡ್ತಾರೆ. ಎಷ್ಟೋ ಹೊಸ ಸ್ಕೇಟ್ಸ್ ಬಾಕ್ಸಿಂದ ಬರುವಾಗ ಆಡೋ ಹಾಗೆ ಸಾಣೆ ಆಗಿರಲ್ಲ, ತಗೊಂಡ ದಿನವೇ ಅಂಗಡೀಲಿ ಹಿಡ್ಸಿ. ಎಷ್ಟು ಅಂತ ಕೇಳಿದ್ರೆ ಅರ್ಧ ಇಂಚು ಅನ್ನಿ, ಅದು ಆ ಮಧ್ಯದ ತಗ್ಗಿನ ಬಾಗಿನ ಅಳತೆ (ತ್ರಿಜ್ಯ), ಆಳದ್ದಲ್ಲ, ಸಾಮಾನ್ಯವಾಗಿ ಎಲ್ಲರೂ ಶುರು ಮಾಡೋದು ಅಲ್ಲಿಂದ. ನಂಬರ್ ಚಿಕ್ಕದಾದ್ರೆ ತಗ್ಗು ಆಳ ಆಗಿ ಬ್ಲೇಡ್ ಐಸನ್ನ ಗಟ್ಟಿಯಾಗಿ ಕಚ್ಚುತ್ತೆ, ದೊಡ್ಡದಾದ್ರೆ ಸಲೀಸಾಗಿ ಜಾರುತ್ತೆ. ನಿಲ್ಲೋಕೆ ಹೋದಾಗೆಲ್ಲಾ ಬ್ಲೇಡ್ ಸಿಕ್ಕಿಹಾಕ್ಕೊಂಡು ಮುಗ್ಗರಿಸ್ತಿದ್ರೆ 5/8 ಇಂಚು ಹಿಡ್ಸಿ ನೋಡಬಹುದು. ಲಾಕರ್ ರೂಮಿನ ರಬ್ಬರ್ ದಾಟಿ ಕಾಂಕ್ರೀಟ್ ಮೇಲೆ ಕಾಲಿಟ್ರೆ ಸಾಣೆ ಅಲ್ಲಿಗೆ ಮುಗೀತು, ಓಡಾಡೋಕೆ ಬ್ಲೇಡಿಗೆ ಗಟ್ಟಿ ಗಾರ್ಡ್ (ಕವಚ) ಹಾಕ್ಸಿ. ಆದ್ರೆ ಆಟ ಮುಗಿದ್ಮೇಲೆ ಬ್ಲೇಡ್ ಒರೆಸಿ ಬಟ್ಟೆ ಕವರ್ ಹಾಕಿ ಬ್ಯಾಗಿಗೆ ಹಾಕ್ಬೇಕು, ಗಟ್ಟಿ ಗಾರ್ಡಲ್ಲೇ ಬಿಟ್ರೆ ನೀರು ನಿಂತು ತುಕ್ಕು ಹಿಡಿಯುತ್ತೆ. ಮನೆಗೆ ಬಂದು ಒಳಗಿನ ಇನ್‌ಸೋಲ್ ತೆಗೆದು ಒಣಗಿಸಿ, ಮತ್ತೆ ತಿಂಗಳಿಗೊಂದ್ಸಲ ಆ ಇನ್‌ಸೋಲ್ ನೆಲದ ಮೇಲಿಟ್ಟು ಹಿಮ್ಮಡಿ ಸರಿಯಾಗಿ ಕೂರಿಸಿ ಮಗನ್ನ ಅದರ ಮೇಲೆ ನಿಲ್ಲಿಸಿ, ಬೆರಳು ಅಂಚು ದಾಟಿ ಹೊರಗೆ ಬಂತು ಅಂದ್ರೆ ಸೀಸನ್ ಮಧ್ಯ ಆದ್ರೂ ಸರಿ, ಮುಂದಿನ ಸೈಜ್ ಹುಡುಕೋಕೆ ಶುರು ಮಾಡಿ.