ಹಳೇ ರಿವಾಲ್ವರ್‌ಗೆ ಪಾಲಿಶ್ ಹೊಡೆಯುವ ಮುಂಚೆ

'ಇದು ಕಿತ್ತೂರು ಯುದ್ಧದ ಕಾಲದ್ದು ನೋಡ್ರಿ' ಎಂದು ರಿವಾಲ್ವರ್ ತೋರಿಸುವವರು ಬೆಳಗಾವಿ ಕಡೆ ಜಾಸ್ತಿ. ಬೈಲಹೊಂಗಲದಿಂದ ರಾಮದುರ್ಗದವರೆಗೆ ಯಾವ ಹಳೇ ವಾಡೆಗೆ ಹೋದರೂ ಒಂದಾದರೂ ಆಯುಧಕ್ಕೆ ಚೆನ್ನಮ್ಮನ ಕಾಲದ ನಂಟು ಇದ್ದೇ ಇರುತ್ತದೆ. ಕತ್ತಿಯಾದರೆ ನಾನು ಸುಮ್ಮನಿರುತ್ತೇನೆ. ರಿವಾಲ್ವರ್ ಆದರೆ ಬಾಯಿ ಬಿಡಲೇಬೇಕಾಗುತ್ತದೆ. ಬ್ರಿಟಿಷ್ ಅಧಿಕಾರಿ ಥ್ಯಾಕರೆ ಕಿತ್ತೂರು ಯುದ್ಧದಲ್ಲಿ ಸತ್ತದ್ದು 1824ರ ಅಕ್ಟೋಬರ್‌ನಲ್ಲಿ. ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರ್‌ಗೆ ಇಂಗ್ಲೆಂಡಿನ ಪೇಟೆಂಟ್ ಪಡೆದದ್ದು 1835ರಲ್ಲಿ, ಅಮೆರಿಕದ್ದು 1836ರಲ್ಲಿ. ಅದಕ್ಕೂ ಮೊದಲೇ ಲಂಡನ್ನಿನಲ್ಲಿ ಕೋಲಿಯರ್ ಎಂಬಾತನ ಚಕಮಕಿ ಕಲ್ಲಿನ ರಿವಾಲ್ವರ್ ಇತ್ತು, ಸುಳ್ಳಲ್ಲ. ಆದರೆ ನನ್ನ ಮೇಜಿನ ಮೇಲೆ ಬರುವುದು ಅದಲ್ಲ. ಬರುವುದು ಹೆಚ್ಚಾಗಿ ವೆಬ್ಲಿ ಎಂಬ ಇಂಗ್ಲಿಷ್ ಕಂಪನಿಯದು. ಅದೂ ಚೆನ್ನಮ್ಮನ ನಂತರ ಎರಡು ಮೂರು ತಲೆಮಾರು ಕಳೆದ ಮೇಲೆ ಹುಟ್ಟಿದ್ದು.

ಲೈಸೆನ್ಸ್ ಇಟ್ಟುಕೊಂಡು ಬಂದೂಕು ರಿಪೇರಿ ಮಾಡುವುದು ನನ್ನ ಕೆಲಸ. ಮನೆಯವರು ಹೇಳುವ ಕಥೆಗಿಂತ ಲೋಹದ ಮೇಲೆ ಒತ್ತಿದ ಗುರುತನ್ನೇ ನಾನು ಹೆಚ್ಚು ನಂಬುತ್ತೇನೆ. ಆ ಗುರುತನ್ನು ಜನ ಪ್ರೀತಿಯಿಂದಲೇ ಅಳಿಸಿ ತರುತ್ತಾರಲ್ಲ, ಅದೇ ನನ್ನ ತಕರಾರು.

ಒಂದು ರಿವಾಲ್ವರ್ ಕೈಗೆ ಬಂದರೆ ಮೊದಲು ಅದು ಖಾಲಿ ಇದೆಯೇ ನೋಡಬೇಕು. 'ಖಾಲಿ ಐತಿ' ಅಂತ ಯಾರೇ ಹೇಳಲಿ, ನೀವೇ ತೆರೆದು ನೋಡಿ. ಆಮೇಲೆ ಭೂತಗನ್ನಡಿ ತೆಗೆದುಕೊಳ್ಳಿ. ಸಿಲಿಂಡರ್ ಮೇಲೆ, ನಳಿಗೆಯ ಮೇಲೆ, ಫ್ರೇಮ್ ಮೇಲೆ ಸಣ್ಣ ಸಣ್ಣ ಮುದ್ರೆಗಳು ಕಾಣುತ್ತವೆ. ಕಿರೀಟದ ಕೆಳಗೆ ಅಡ್ಡಡ್ಡ ಎರಡು ರಾಜದಂಡ ಇದ್ದರೆ ಅದು ಬರ್ಮಿಂಗ್‌ಹ್ಯಾಮ್ ಬಂದೂಕು ಪರೀಕ್ಷಾ ಕೇಂದ್ರದ ಹಳೇ ಗುರುತು. ಆ ಕೇಂದ್ರ ಶುರುವಾದದ್ದು 1813ರಲ್ಲಿ. 1904ರಲ್ಲಿ ಗುರುತು ಬದಲಾಯಿತು. ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಎಂಬ ಅಕ್ಷರ ಕಂಡರೆ 1904ರ ನಂತರದ ಪರೀಕ್ಷೆ ಎಂದು ತಿಳಿಯಿರಿ. ಅಂಡಾಕಾರದೊಳಗೆ ಇಎಲ್‌ಜಿ ಅಂತ ಇದ್ದರೆ ಬೆಲ್ಜಿಯಂನ ಲಿಯೇಜ್ ಊರಿನದು. ಬಾಣದ ತುದಿಯಂಥ ಗುರುತು ಬ್ರಿಟಿಷ್ ಸರಕಾರದ ಸ್ವತ್ತು ಎಂಬುದಕ್ಕೆ. ಎರಡು ಬಾಣ ಮುಖಕ್ಕೆ ಮುಖ ಕೊಟ್ಟು ನಿಂತಿದ್ದರೆ ಸರಕಾರವೇ ಅದನ್ನು ಸೇವೆಯಿಂದ ತೆಗೆದು ಮಾರಿದೆ. ಅಂದರೆ ನಿಮ್ಮ ಅಜ್ಜ ಕದ್ದದ್ದಲ್ಲ!

ಇನ್ನು ನಂಬರ್. ಫ್ರೇಮ್, ನಳಿಗೆ, ಸಿಲಿಂಡರ್ ಮೂರರಲ್ಲೂ ಒಂದೇ ನಂಬರ್ ಇದ್ದರೆ ಹುಟ್ಟಿದಾಗಿನಿಂದ ಜೊತೆಗಿದ್ದ ಭಾಗಗಳು. ಬೇರೆ ಬೇರೆ ಇದ್ದರೆ ಎಲ್ಲೋ ರಿಪೇರಿ ಆಗಿದೆ. ಅದು ದೋಷ ಅಂತ ನಾನು ಹೇಳುವುದಿಲ್ಲ, ಆದರೆ ಬೆಲೆ ಮಾತಾಡುವಾಗ ಮುಚ್ಚಿಡಬಾರದು. ಅಕ್ಷರ ಸೊಟ್ಟಗಿದ್ದರೆ, ವೆಬ್ಲಿ ಹೆಸರಿನ ಸ್ಪೆಲ್ಲಿಂಗೇ ತಪ್ಪಿದ್ದರೆ, ಅದು ಖೈಬರ್ ಕಡೆಯ ಕೈಕೆಲಸದ ನಕಲು ಇರಬಹುದು. ಅಲ್ಲಿನ ಕಮ್ಮಾರರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಕೆತ್ತಿದರು. ಆ ನಕಲುಗಳನ್ನೇ ಹುಡುಕುವ ಸಂಗ್ರಾಹಕರೂ ಇದ್ದಾರೆ. ನನಗೂ ಅವು ಇಷ್ಟ, ಆದರೆ ನೋಡಲಿಕ್ಕೆ ಮಾತ್ರ. ಅದರ ಉಕ್ಕನ್ನು ನಂಬಬಾರದು. ಭೀಮಾ ತೀರದ ಹೆಸರು ಕೆಡಿಸಿದ ನಾಡ ಪಿಸ್ತೂಲಿನ ಮಾತು ಬೇರೆ. ಅದು ಸಂಗ್ರಹವಲ್ಲ, ಅಪರಾಧ. ಅದನ್ನು ನನ್ನ ಬಳಿ ತರಲೇಬೇಡಿ.

ಯಂತ್ರದ ಸೊಗಸಿಗೆ ಬರೋಣ. 1851ರಲ್ಲಿ ಲಂಡನ್ನಿನ ದೊಡ್ಡ ವಸ್ತುಪ್ರದರ್ಶನದಲ್ಲಿ ಇಬ್ಬರು ಎದುರುಬದುರಾದರು. ಕೋಲ್ಟ್‌ನ ರಿವಾಲ್ವರ್‌ನಲ್ಲಿ ಪ್ರತಿ ಗುಂಡಿಗೂ ಕುದುರೆಯನ್ನು, ಅಂದರೆ ಹ್ಯಾಮರನ್ನು, ಹೆಬ್ಬೆರಳಿನಿಂದ ಎಳೆಯಬೇಕು. ಗುರಿ ನಿಖರ, ಆದರೆ ನಿಧಾನ. ರಾಬರ್ಟ್ ಆಡಮ್ಸ್‌ನದರಲ್ಲಿ ಟ್ರಿಗರ್ ಎಳೆದರೆ ಸಾಕು. ಬೇಗ ಆಗುತ್ತದೆ, ಆದರೆ ಎಳೆತ ಗಟ್ಟಿ, ಕೈ ಅಲುಗುತ್ತದೆ. ಆಡಮ್ಸ್‌ನ ಫ್ರೇಮ್ ಒಂದೇ ತುಂಡು, ಮೇಲೆ ಸೇತುವೆ ಇರುವಂಥದ್ದು. ಕೋಲ್ಟ್‌ನದರಲ್ಲಿ ಮೇಲ್ಭಾಗ ಬಯಲು. ಐದು ವರ್ಷದೊಳಗೆ ಬ್ಯೂಮಾಂಟ್ ಎಂಬ ಎಂಜಿನಿಯರ್ ದಳದ ಅಧಿಕಾರಿ ಎರಡೂ ರೀತಿ ಸೇರಿಸಿದ. ಹೆಬ್ಬೆರಳಿನಿಂದಲೂ ಎಳೆಯಬಹುದು, ಟ್ರಿಗರ್‌ನಿಂದಲೂ ಹೊಡೆಯಬಹುದು. 1856ರಲ್ಲಿ ಬ್ರಿಟಿಷ್ ಸೇನೆ ಬ್ಯೂಮಾಂಟ್-ಆಡಮ್ಸ್ ಒಪ್ಪಿಕೊಂಡಿತು. ಮರುವರ್ಷವೇ 1857. ಸೇನೆಯ ಜೊತೆ ಅದೂ ಇಲ್ಲಿಗೆ ಬಂತು.

ಅದೇ ವರ್ಷ ಮುಧೋಳದ ಹತ್ತಿರದ ಹಲಗಲಿಯಲ್ಲಿ ಬೇಡರು 'ಹತಾರ ಕೊಡುವುದಿಲ್ಲ' ಎಂದು ನಿಂತದ್ದು, ನೇಣಿಗೆ ಹೋದದ್ದು ನಿಮಗೆ ಗೊತ್ತೇ ಇದೆ. ಬಂದೂಕಿನ ಲೈಸೆನ್ಸ್ ಬಗ್ಗೆ ನಮ್ಮ ಕಡೆಯ ಹಿರಿಯರು ಮಾತಾಡುವಾಗ ದನಿಯಲ್ಲಿ ಸ್ವಲ್ಪ ಬಿರುಸು ಬರುವುದು ಸುಮ್ಮನೆ ಅಲ್ಲ ಅನಿಸುತ್ತದೆ.

ಇದೆಲ್ಲ ಹಳೇ ಮಾತಾಯಿತು ಅನ್ನಬೇಡಿ. ಇವತ್ತು ಕಾನ್ಪುರದಲ್ಲಿ ತಯಾರಾಗುವ .32 (ಇಂಚಿನಲ್ಲಿ ನಳಿಗೆಯ ಅಳತೆ) ರಿವಾಲ್ವರ್ ಬಿಡಿಸಿ ನೋಡಿ. ಬ್ಯೂಮಾಂಟ್ ಸೇರಿಸಿದ ಆ ಎರಡೂ ರೀತಿ ಅದರಲ್ಲಿದೆ. ಹೆಬ್ಬೆರಳಿನಿಂದ ಚಿಲಕ ಒತ್ತಿದರೆ ನಳಿಗೆ ಕೆಳಗೆ ಬಾಗುತ್ತದೆ, ನಕ್ಷತ್ರದಂಥ ತಟ್ಟೆ ಮೇಲೆದ್ದು ಆರೂ ತೋಟಾ ಖೋಲುಗಳನ್ನು ಒಮ್ಮೆಗೇ ಹೊರಗೆ ತಳ್ಳುತ್ತದೆ. ಇದು ವೆಬ್ಲಿಯ ವಿದ್ಯೆ. ಬ್ರಿಟಿಷ್ ಸೇನೆ ವೆಬ್ಲಿ ಮಾರ್ಕ್ 1 ತೆಗೆದುಕೊಂಡದ್ದು 1887ರಲ್ಲಿ, ಕೊನೆಯ ದೊಡ್ಡ ಮಾದರಿ ಮಾರ್ಕ್ 6 ಬಂದದ್ದು 1915ರಲ್ಲಿ. 2014ರಲ್ಲಿ ಕಾನ್ಪುರದಿಂದ ಬಂದ 'ನಿರ್ಭೀಕ್' ಟೈಟಾನಿಯಂ ಮಿಶ್ರಲೋಹದ್ದು, ತೂಕ ಸುಮಾರು ಅರ್ಧ ಕಿಲೋ. ಮಾರ್ಕ್ 6 ಒಂದು ಕಿಲೋಗಿಂತ ಜಾಸ್ತಿ. ಕೈಯಲ್ಲಿ ಹಿಡಿದರೆ ಸಂಬಂಧವೇ ಇಲ್ಲ ಅನಿಸುತ್ತದೆ, ತೆರೆದರೆ ಒಂದೇ ಮನೆತನ. 2023ರಲ್ಲಿ ಬಂದ 'ಪ್ರಬಲ್' ಮಾತ್ರ ಆ ದಾರಿ ಬಿಟ್ಟಿತು. ಅದರ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ಅಮೆರಿಕದವರ ಪದ್ಧತಿ. ಕೋಲ್ಟ್ ಪೈಥಾನ್ (1955) ಬಗ್ಗೆ ಕೇಳುವ ಹುಡುಗರಿಗೆ ನಾನು ಹೇಳುವುದಿಷ್ಟೇ: ಹೌದು, ಅದರ ನೀಲಿ ಬಣ್ಣದ ಪಾಲಿಶ್ ಬಹಳ ಚೆಂದ. ಆದರೆ ನಮ್ಮಲ್ಲಿ ಖಾಸಗಿಯವರಿಗೆ ವಿದೇಶಿ ಬಂದೂಕು ತರಿಸುವ ದಾರಿ 1980ರ ದಶಕದಿಂದಲೇ ಬಹುತೇಕ ಮುಚ್ಚಿದೆ. ಅದಕ್ಕೇ ಹಳೇ ವಿದೇಶಿ .32ಗೆ ಅಷ್ಟು ಬೆಲೆ. ಕೆಲವರು ಬರೀ ಹೆಸರಿಗೆ ದುಡ್ಡು ಸುರಿಯುತ್ತಾರೆ. ಒಳಗಿನ ಸ್ಪ್ರಿಂಗ್ ಸತ್ತಿರುತ್ತದೆ.

ಎಲ್ಲರೂ .32 ಯಾಕೆ ಅಂತ ಕೇಳುತ್ತೀರಿ ಅಲ್ವಾ? .380, .455 ಹಾಗೂ ಸೇನೆಯ 9 ಎಂಎಂ, .45 ತೋಟಾ ಹೊಡೆಯಬಲ್ಲ ಕೈಬಂದೂಕುಗಳು ನಮ್ಮ ನಿಯಮಗಳಲ್ಲಿ ನಿಷೇಧಿತ ಬೋರ್, ಅಂದರೆ ನಿಷೇಧಿತ ನಳಿಗೆ ಅಳತೆ. ಮುತ್ತಜ್ಜ ಮೊದಲ ಮಹಾಯುದ್ಧದಿಂದ ತಂದ ಮಾರ್ಕ್ 6 ಆ ಪಟ್ಟಿಗೇ ಬರುತ್ತದೆ, ಯಾಕೆಂದರೆ ಅದು .455. ಅದಕ್ಕೆ ಕೇಂದ್ರ ಸರಕಾರದ ಒಪ್ಪಿಗೆ ಬೇಕು, ಮಾಮೂಲಿ ಲೈಸೆನ್ಸ್ ಸಾಲದು. 'ಹಳೇದು, ಆಂಟಿಕ್, ಲೈಸೆನ್ಸ್ ಬೇಡ' ಎಂಬ ಮಾತು ನಮ್ಮ ಕಡೆ ಬಹಳ ಓಡಾಡುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ವಿನಾಯಿತಿ ಕೊಡುವುದು ನಿಜ. ಆದರೆ ಹಳೇ ಮಾದರಿಯದ್ದಾದರೆ ಸಾಲದು. ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಕೆಲಸಕ್ಕೆ ಬಾರದಂತಿರಬೇಕು. ಕೆಲಸ ಮಾಡುವ ನೂರು ವರ್ಷದ ವೆಬ್ಲಿಗೆ ಆ ವಿನಾಯಿತಿ ಇಲ್ಲ. ಅದನ್ನು ತೀರ್ಮಾನ ಮಾಡುವವರು ನೀವೂ ಅಲ್ಲ, ನಾನೂ ಅಲ್ಲ. ಲೈಸೆನ್ಸ್ ಕೊಡುವ ಕಚೇರಿಗೆ ಬರೆದು, ಉತ್ತರವನ್ನು ಕಾಗದದಲ್ಲೇ ಪಡೆಯಿರಿ. ನೂರು ವರ್ಷ ದಾಟಿದ್ದನ್ನು ವಿದೇಶಕ್ಕೆ ಮಾರುವ ಆಸೆಯಂತೂ ಬೇಡ. 1972ರ ಪುರಾವಸ್ತು ಕಾಯ್ದೆ ಅದನ್ನು ತಡೆಯುತ್ತದೆ.

2019ರ ತಿದ್ದುಪಡಿಯಾದ ಮೇಲೆ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು. ಪಿತ್ರಾರ್ಜಿತವೂ ಆ ಎರಡರೊಳಗೇ. ಹಾಗಾದರೆ ಸಂಗ್ರಹ ಎಲ್ಲಿ ಬಂತು? ನನ್ನ ಮಟ್ಟಿಗೆ, ನಮ್ಮಲ್ಲಿ ರಿವಾಲ್ವರ್ ಸಂಗ್ರಹ ಎಂದರೆ ರಾಶಿ ಹಾಕುವುದಲ್ಲ. ಇರುವ ಒಂದನ್ನು ಪೂರ್ತಿ ತಿಳಿಯುವುದು. ಅದರ ಹಳೇ ಲೈಸೆನ್ಸ್ ಪುಸ್ತಕ, ಮಾರಿದ ಅಂಗಡಿಯ ರಸೀದಿ, ಮರದ ಪೆಟ್ಟಿಗೆ, ಚರ್ಮದ ಚೀಲ, ಹಿಡಿದವರ ಫೋಟೋ ಒಟ್ಟುಗೂಡಿಸುವುದು. ಉಳಿದದ್ದಕ್ಕೆ ಕೊಲ್ಹಾಪುರದ ನ್ಯೂ ಪ್ಯಾಲೇಸ್ ಇದೆ, ಬೆಳಗಾವಿಯಿಂದ ಎರಡು ತಾಸಿನ ಹಾದಿ. ಅಲ್ಲಿ ಆಯುಧಗಳನ್ನು ಕಣ್ತುಂಬ ನೋಡಬಹುದು.

ಇಷ್ಟು ಹೇಳಿ ಪಾಲಿಶ್ ವಿಷಯಕ್ಕೆ ಬರದಿದ್ದರೆ ಹೇಗೆ? ಹಬ್ಬಕ್ಕೆ ಹೊಳೆಯಲಿ ಅಂತ ಮರಳು ಕಾಗದ ಹಾಕಿ ಉಜ್ಜುವವರಿದ್ದಾರೆ. ಹುಣಸೆಹಣ್ಣು ಹಚ್ಚಿ ತಾಮ್ರದ ತಂಬಿಗೆಯಂತೆ ಬೆಳಗುವವರಿದ್ದಾರೆ. ಹುಳಿ ಉಕ್ಕನ್ನು ತಿನ್ನುತ್ತದೆ. ಇನ್ನು ಕೆಲವರು ಯಾವುದೋ ವರ್ಕ್‌ಶಾಪಿನಲ್ಲಿ ಬಫಿಂಗ್ ಮಾಡಿಸಿ ನಿಕಲ್ ಹೊಡೆಸುತ್ತಾರೆ. ಲೈಸೆನ್ಸ್ ಇಲ್ಲದವರ ಕೈಗೆ ಬಂದೂಕು ಕೊಡುವುದೇ ತಪ್ಪು. ಅದಿರಲಿ, ಬಫಿಂಗ್ ಚಕ್ರಕ್ಕೆ ಸಿಕ್ಕ ಫ್ರೇಮಿನ ಅಂಚುಗಳು ಉರುಟಾಗುತ್ತವೆ, ಮುದ್ರೆಗಳು ಮಸುಕಾಗುತ್ತವೆ, ನಂಬರ್ ಅರ್ಧ ಹೋಗುತ್ತದೆ. ನಂಬರ್ ಓದಲು ಬಾರದ ಬಂದೂಕನ್ನು ಲೈಸೆನ್ಸ್ ನವೀಕರಣಕ್ಕೆ ತೆಗೆದುಕೊಂಡು ಹೋದರೆ ಏನಾಗುತ್ತದೆ, ಯೋಚಿಸಿ. ಹಳೇ ಕಂದು ಬಣ್ಣ ಕೊಳೆಯಲ್ಲ. ನಿಜವಾದ ಕೆಂಪು ತುಕ್ಕು ಇದ್ದರೆ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ಹಳೇ ಹತ್ತಿಬಟ್ಟೆಯಿಂದ ಒರೆಸಿ. ಅಷ್ಟೇ ಸಾಕು.

ಖಂಡೇಪೂಜೆ ದಿನ ಕುಂಕುಮ, ವಿಭೂತಿ, ಗಂಧ ಹಚ್ಚುತ್ತೇವೆ. ಹಚ್ಚಬೇಡಿ ಅನ್ನುವ ಧೈರ್ಯ ನನಗಿಲ್ಲ, ನಮ್ಮ ಮನೆಯಲ್ಲೂ ಹಚ್ಚುತ್ತಾರೆ. ಆದರೆ ಆ ಒದ್ದೆ ಬೊಟ್ಟು ಮರುದಿನದವರೆಗೆ ಇದ್ದರೆ ಅದರ ಕೆಳಗೆ ಸಣ್ಣ ಗುಂಡಿ ಬೀಳುತ್ತದೆ. ಚೀಲಕ್ಕೆ ಇಡಿ ಬೊಟ್ಟು, ಲೋಹಕ್ಕೆ ಬೇಡ. ಕೊಬ್ಬರಿ ಎಣ್ಣೆಯೂ ಬೇಡ. ಚಳಿಗೆ ಗಟ್ಟಿಯಾಗಿ ಒಳಗಿನ ಭಾಗ ಹಿಡಿದುಕೊಳ್ಳುತ್ತದೆ. ಹೊಲಿಗೆ ಯಂತ್ರದ ತೆಳು ಎಣ್ಣೆ ಒಳ್ಳೆಯದು. ಬೆಳಗಾವಿಯ ಮಳೆಗಾಲದಲ್ಲಿ ತುಕ್ಕಿನ ಕಾಟ, ವಿಜಯಪುರದ ಬೇಸಿಗೆಯಲ್ಲಿ ಮರದ ಹಿಡಿಕೆ ಒಣಗಿ ಸೀಳುವ ಕಾಟ. ಎರಡೂ ಕಡೆ ಒಂದು ಮಾತು ಸಮ: ಚರ್ಮದ ಚೀಲದಲ್ಲಿಟ್ಟು ಟ್ರಂಕಿಗೆ ಹಾಕಬೇಡಿ. ಚರ್ಮ ತೇವ ಹೀರಿ ಲೋಹಕ್ಕೆ ಕೊಡುತ್ತದೆ. ಸಿನಿಮಾದಲ್ಲಿ ಮಾಡಿದಂತೆ ಸಿಲಿಂಡರ್ ಗಿರ್ರನೆ ತಿರುಗಿಸಿ ಪಟ್ಟನೆ ಮುಚ್ಚುವುದೂ ಬೇಡ. ವೆಬ್ಲಿಯ ಚಿಲಕ ಸವೆಯುವುದು ಹಾಗೆಯೇ.

ಚುನಾವಣೆ ಬಂದಾಗ ಆಯುಧ ಠಾಣೆಗೆ ಒಪ್ಪಿಸಬೇಕಾಗುತ್ತದೆ. ವಾರಗಟ್ಟಲೆ ಅಲ್ಲೇ ಇರುತ್ತದೆ. ಕೊಡುವ ಹಿಂದಿನ ದಿನ ತೆಳುವಾಗಿ ಎಣ್ಣೆ ಒರೆಸಿ, ಎರಡೂ ಬದಿಯ ಮತ್ತು ನಂಬರಿನ ಫೋಟೋ ತೆಗೆದುಕೊಳ್ಳಿ. ಚೀಲ ಮನೆಯಲ್ಲೇ ಇರಲಿ. ರಸೀದಿಯಲ್ಲಿ ಪೂರ್ತಿ ನಂಬರ್ ಬರೆದಿದ್ದಾರೆಯೇ ಅಲ್ಲೇ ನಿಂತು ನೋಡಿ. ವಾಪಸ್ ತಂದ ದಿನ, ಎಷ್ಟೇ ರಾತ್ರಿಯಾಗಿರಲಿ, ಒಮ್ಮೆ ಒರೆಸಿಯೇ ಒಳಗಿಡಿ.