ಅಮೆರಿಕದ ಶಾಲಾ ಡಿಸ್ಟ್ರಿಕ್ಟ್: 'ಪ್ರತಿ ಮಗುವಿಗೂ' ಅನ್ನುವ ಮಾತು ಎಲ್ಲಿಂದ ಬಂತು?

ಅಮೆರಿಕದಲ್ಲಿ ಮನೆ ಹುಡುಕುವ ನಮ್ಮವರು, ಅದರಲ್ಲೂ ಮಕ್ಕಳಿರುವವರು, ಮೊದಲು ಕೇಳುವುದು 'ಸ್ಕೂಲ್ ಡಿಸ್ಟ್ರಿಕ್ಟ್ ಯಾವುದು?' ಅಂತ. ಅಂದರೆ ಒಂದು ಗಡಿಯೊಳಗಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ. ಇದು ನಮ್ಮ ಬಿಇಒ ಕಚೇರಿಯ ಹಾಗೆ ಸರ್ಕಾರದ ಒಂದು ಶಾಖೆ ಅಲ್ಲ. ಬಹುಪಾಲು ಕಡೆ ಊರಿನವರೇ ಓಟು ಹಾಕಿ ಆರಿಸಿದ ಮಂಡಳಿ ಅದನ್ನು ನಡೆಸುತ್ತದೆ. ಮನೆ, ಜಾಗದ ಮೇಲಿನ ತೆರಿಗೆ ಅದರ ಮುಖ್ಯ ಆದಾಯಗಳಲ್ಲಿ ಒಂದು. ದೇಶದಲ್ಲಿ ಇಂಥವು ಸುಮಾರು 13,000 ಇವೆ. ಬಹುತೇಕ ಎಲ್ಲದಕ್ಕೂ ಒಂದು 'ಮಿಷನ್' (ಧ್ಯೇಯವಾಕ್ಯ), ಜೊತೆಗೆ 'ನಾವು ನಂಬುವುದು' ಅನ್ನುವ ಪಟ್ಟಿ ಇರುತ್ತದೆ. ಪ್ರತಿ ಮಗುವೂ ಕಲಿಯಬಲ್ಲದು, ಪ್ರತಿ ಮಗುವಿಗೂ ಅವಕಾಶ ಸಿಗಬೇಕು... ಹತ್ತು ಡಿಸ್ಟ್ರಿಕ್ಟ್‌ಗಳದ್ದು ಓದಿದರೆ ಎಲ್ಲವನ್ನೂ ಒಬ್ಬರೇ ಬರೆದ ಹಾಗೆ ಕಾಣುತ್ತದೆ.

ಶುರುವಿನಲ್ಲಿ ಗುರಿಯೇ ಬೇರೆ ಇತ್ತು. 1647ರಲ್ಲಿ ಮ್ಯಾಸಚೂಸೆಟ್ಸ್ ವಸಾಹತು, 50 ಮನೆಗಳಿರುವ ಊರು ಓದು-ಬರಹಕ್ಕೆ ಒಬ್ಬ ಮೇಷ್ಟ್ರನ್ನು ಇಡಲೇಬೇಕು ಎಂದು ಕಾನೂನು ಮಾಡಿತು. ಕಾರಣ ಸೈತಾನ! ಜನ ಬೈಬಲ್ ಓದದ ಹಾಗೆ ಅವನು ತಡೆಯುತ್ತಾನಂತೆ. 1837ರಲ್ಲಿ ಅದೇ ರಾಜ್ಯದ ಶಿಕ್ಷಣ ಮಂಡಳಿಯ ಕಾರ್ಯದರ್ಶಿಯಾದ ಹೊರೇಸ್ ಮ್ಯಾನ್ ಮಾತಿನ ದಿಕ್ಕು ಬದಲಿಸಿದರು. ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಒಂದೇ ಶಾಲೆಯಲ್ಲಿ ಕೂರಬೇಕು, ಖರ್ಚು ಊರಿನದು ಅಂದರು.

ಆದರೆ ಕಪ್ಪು ಜನರ ಮಕ್ಕಳಿಗೆ ಈ ಮಾತು ಮುಟ್ಟಲೇ ಇಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಾನೂನೇ ಅವರನ್ನು ಬೇರೆ ಶಾಲೆಗೆ ಅಟ್ಟುತ್ತಿತ್ತು. ಅದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1954ರಲ್ಲಿ, ಬ್ರೌನ್ ಮೊಕದ್ದಮೆಯಲ್ಲಿ. ಮನೆಯ ಬಡತನ ಏನೇ ಇರಲಿ, ಮನಸ್ಸು ಮಾಡಿದರೆ ಶಾಲೆ ಎಲ್ಲ ಮಕ್ಕಳಿಗೂ ಕಲಿಸಬಲ್ಲದು ಎಂದು ಶಿಕ್ಷಣ ಸಂಶೋಧಕ ರಾನ್ ಎಡ್ಮಂಡ್ಸ್ 1979ರಲ್ಲಿ ವಾದಿಸಿದರು. ಆಮೇಲೆ ಕಂಪನಿಗಳ ಯೋಜನೆ ಹಾಕುವ ರೀತಿ ಶಾಲೆಗಳಿಗೂ ಬಂತು. ಅದರ ಜೊತೆಗೇ ಗೋಡೆಗೆ ತೂಗುಹಾಕುವ ಮಿಷನ್ ವಾಕ್ಯವೂ ಬಂತು.

ಇಷ್ಟೆಲ್ಲ ಆದರೂ ದುಡ್ಡಿನ ಪ್ರಶ್ನೆ ಹಾಗೇ ಉಳಿದಿತ್ತು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನೋಡಿ. ಅಲ್ಲಿನ ಎಡ್ಜ್‌ವುಡ್ ಡಿಸ್ಟ್ರಿಕ್ಟ್‌ನಲ್ಲಿ ಹೆಚ್ಚಿನವರು ಮೆಕ್ಸಿಕನ್ ಮೂಲದ ಬಡವರು. 1968ರಲ್ಲಿ ಶಾಲೆಯ ದುಸ್ಥಿತಿ ಸಹಿಸದೆ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರನಡೆದರು. ಡಿಮೆಟ್ರಿಯೊ ರಾಡ್ರಿಗೆಸ್ ಮತ್ತು ಇತರ ಪೋಷಕರು ಕೋರ್ಟಿಗೆ ಹೋದರು. ಲೆಕ್ಕ ಹೀಗಿತ್ತು: ಎಡ್ಜ್‌ವುಡ್‌ನವರು 100 ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಕಟ್ಟುತ್ತಿದ್ದರು. ಅದೇ ನಗರದ ಶ್ರೀಮಂತರ ಅಲಾಮೊ ಹೈಟ್ಸ್‌ನಲ್ಲಿ 85 ಸೆಂಟ್ ಸಾಕಿತ್ತು. ಅಷ್ಟಾದರೂ ಒಂದು ಮಗುವಿಗೆ ಎಡ್ಜ್‌ವುಡ್‌ನಲ್ಲಿ ಸಿಗುತ್ತಿದ್ದದ್ದು, ಸರ್ಕಾರದ ಹಣವೂ ಸೇರಿ, 356 ಡಾಲರ್. ಅಲಾಮೊ ಹೈಟ್ಸ್‌ನಲ್ಲಿ 594. ಬಡವರು ಜಾಸ್ತಿ ದರದಲ್ಲಿ ಕಟ್ಟಿ ಕಡಿಮೆ ಪಡೆದರು. ಆಸ್ತಿಗೇ ಬೆಲೆ ಇಲ್ಲದಿದ್ದರೆ ದರ ಎಷ್ಟು ಏರಿಸಿದರೇನು?

1973ರಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ಪೋಷಕರ ವಿರುದ್ಧ ತೀರ್ಪು ಕೊಟ್ಟಿತು. ಶಿಕ್ಷಣ ಅಮೆರಿಕದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದಿತು. ತೀರ್ಪು ಬರೆದ ಲೂಯಿಸ್ ಪವೆಲ್ ಹಿಂದೆ ರಿಚ್ಮಂಡ್ ಶಾಲಾ ಮಂಡಳಿಯ ಅಧ್ಯಕ್ಷರಾಗಿದ್ದವರು. ಬ್ರೌನ್ ಮೊಕದ್ದಮೆಯಲ್ಲಿ ವಾದಿಸಿದ್ದ ಥರ್ಗುಡ್ ಮಾರ್ಷಲ್ ಅಷ್ಟರಲ್ಲಿ ನ್ಯಾಯಮೂರ್ತಿ. ಅವರು ಭಿನ್ನಮತ ಬರೆದರು. ಮರುವರ್ಷ ಡೆಟ್ರಾಯಿಟ್ ಮೊಕದ್ದಮೆಯಲ್ಲಿ ಅದೇ ಕೋರ್ಟು, ನಗರದ ಶಾಲೆಗಳಲ್ಲಿ ಕಪ್ಪು-ಬಿಳಿ ಮಕ್ಕಳು ಬೇರೆಬೇರೆಯಾಗಿರುವುದನ್ನು ಸರಿಪಡಿಸಲು ಸುತ್ತಲಿನ ಡಿಸ್ಟ್ರಿಕ್ಟ್‌ಗಳನ್ನು ಎಳೆತರುವಂತಿಲ್ಲ, ಅವುಗಳ ತಪ್ಪು ಸಾಬೀತಾಗಿಲ್ಲ ಎಂದಿತು. ಈ ಎರಡು ತೀರ್ಪುಗಳಿಂದ ಡಿಸ್ಟ್ರಿಕ್ಟ್‌ನ ಗಡಿಗೆರೆ ಎಷ್ಟು ಗಟ್ಟಿಯಾಯಿತೆಂದರೆ, 'ಪ್ರತಿ ಮಗು' ಅಂದರೆ ಗೆರೆಯ ಒಳಗಿನ ಪ್ರತಿ ಮಗು ಅಂತಲೇ ಓದಬೇಕು. ಮನೆ ಹುಡುಕುವವರಿಗೆ ಇದು ಚೆನ್ನಾಗಿ ಗೊತ್ತು, ಅಲ್ವಾ?

ಎಡ್ಜ್‌ವುಡ್ ಸುಮ್ಮನಾಗಲಿಲ್ಲ. ಈ ಸಲ ಡಿಸ್ಟ್ರಿಕ್ಟೇ ಟೆಕ್ಸಾಸ್ ರಾಜ್ಯದ ಸಂವಿಧಾನ ಹಿಡಿದು ಹೋರಾಡಿತು. 1989ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದರ ಪರ ತೀರ್ಪು ಕೊಟ್ಟಿತು. 1993ರ ಕಾನೂನಿನಂತೆ ಆಸ್ತಿ ಜಾಸ್ತಿ ಇರುವ ಡಿಸ್ಟ್ರಿಕ್ಟ್‌ಗಳು ಸ್ವಲ್ಪ ದುಡ್ಡು ಬಿಟ್ಟುಕೊಡಬೇಕಾಯಿತು. ಉಳ್ಳವರಿಂದ ಕಿತ್ತು ಬಡವರಿಗೆ ಹಂಚುತ್ತಿದ್ದ ಕಥಾನಾಯಕನ ಹೆಸರಲ್ಲಿ ಜನ ಅದನ್ನು 'ರಾಬಿನ್ ಹುಡ್' ಕಾನೂನು ಅಂತ ಕರೆದರು. ಅದರ ಮೇಲಿನ ಜಗಳ ಇನ್ನೂ ನಿಂತಿಲ್ಲ.