ಅರ್ಧ ಎಕರೆ ಜಿಂಕೆ ಮೇವಿಗೆ ಟ್ರ್ಯಾಕ್ಟರ್ ಹಿಂದೆ ಮೊದಲು ಏನು ಕಟ್ಟಬೇಕು?

ಓದುಗರ ಪ್ರಶ್ನೆ: ಡೆಟ್ರಾಯಿಟ್ ಹತ್ತಿರ ಕೆಲಸ. ಮಿಷಿಗನ್‌ನ ಕ್ಯಾಡಿಲಾಕ್ ಕಡೆ ಒಂದಷ್ಟು ಕಾಡು, ಒಂದಷ್ಟು ಬಯಲು ಇರುವ ಹನ್ನೆರಡು ಎಕರೆ ಜಾಗ ತಗೊಂಡಿದ್ದೇವೆ. 25 ಎಚ್‌ಪಿಯ ಕಾಂಪ್ಯಾಕ್ಟ್ ಟ್ರ್ಯಾಕ್ಟರ್ ಇದೆ, ಮುಂದೆ ಲೋಡರ್ ಇದೆ, ಹಿಂದಕ್ಕೆ ಇನ್ನೂ ಏನೂ ಇಲ್ಲ. ಮರಗಳ ನಡುವಿನ ಅರ್ಧ ಎಕರೆಯಲ್ಲಿ ಜಿಂಕೆ, ಕಾಡು ಟರ್ಕಿಗಳಿಗೆ ಕ್ಲೋವರ್ ಎಂಬ ಮೇವಿನ ಸೊಪ್ಪು ಬೆಳೆಸುವ ಆಸೆ. ಮಣ್ಣು ಕೆದಕುವ ಟಿಲ್ಲರ್ ಮತ್ತು ಡಿಸ್ಕ್, ಬೀಜ-ಸುಣ್ಣ ಎರಚುವ ಸ್ಪ್ರೆಡರ್, ಮಣ್ಣು ಒತ್ತುವ ಕಲ್ಟಿಪ್ಯಾಕರ್ ನಾಲ್ಕನ್ನೂ ಒಟ್ಟಿಗೆ ಕೊಂಡರೆ ರಿಯಾಯಿತಿ ಎನ್ನುತ್ತಾನೆ ಡೀಲರ್. ನಾಲ್ಕೂ ಬೇಕೇ? ಒಂದನ್ನೇ ಕೊಳ್ಳುವುದಾದರೆ ಯಾವುದು?

ಒಂದನ್ನೇ ಕೊಳ್ಳುವುದಾದರೆ ಡೀಲರ್ ಹೇಳಿದ ನಾಲ್ಕರಲ್ಲಿ ಯಾವುದೂ ಅಲ್ಲ. ಹುಲ್ಲು, ಕಳೆ ಸವರುವ ನಾಲ್ಕಡಿ ಅಗಲದ ರೋಟರಿ ಕಟರ್ ಕೊಳ್ಳಿ. ಅಲ್ಲಿನ ಹಳ್ಳಿಗಳಲ್ಲಿ ಯಾವ ಕಂಪನಿಯದಾದರೂ ಅದನ್ನು 'ಬುಶ್ ಹಾಗ್' ಎಂದೇ ಕರೆಯುತ್ತಾರೆ. ಅದರ ಜೊತೆಗೆ ಹೆಗಲಿಗೆ ನೇತುಹಾಕಿಕೊಂಡು ಹಿಡಿಕೆ ತಿರುಗಿಸುವ ಬೀಜದ ಚೀಲ ಸಾಕು. ಮಣ್ಣು ಕೆದಕುವ ಉಪಕರಣಕ್ಕೆ ಮೊದಲ ವರ್ಷ ದುಡ್ಡು ಹಾಕಬೇಡಿ. ಬೇಕೇ ಬೇಕು ಅನ್ನಿಸಿದರೆ ಒಂದು ದಿನದ ಮಟ್ಟಿಗೆ ಬಾಡಿಗೆಗೆ ತನ್ನಿ.

ನಮ್ಮ ಕಡೆಯಿಂದ ಹೋದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಬಿತ್ತನೆ ಅಂದರೆ ಮೊದಲು ಉಳುಮೆ, ಆಮೇಲೆ ಹರಗುವುದು, ಕೊನೆಗೆ ಕೊರಡು ಹೊಡೆಯುವುದು ಎಂದು ನೋಡಿ ಬೆಳೆದವರು ನಾವು. ಆದರೆ ನೀವು ರಾಗಿ ಮಾರಲು ಹೊರಟಿಲ್ಲ. ಸಾಲು ನೇರ ಬರಬೇಕಿಲ್ಲ, ನಾಲ್ಕು ಕಳೆ ಉಳಿದರೂ ಜಿಂಕೆ ತಕರಾರು ಮಾಡುವುದಿಲ್ಲ. ಅದರ ಜೊತೆಗೆ ಆ ಭಾಗದ ಮಣ್ಣನ್ನೂ ನೋಡಬೇಕು. 1990ರಲ್ಲಿ ಮಿಷಿಗನ್ ತನ್ನ ರಾಜ್ಯದ ಮಣ್ಣು ಎಂದು ಘೋಷಿಸಿಕೊಂಡದ್ದು ಕಲ್ಕಾಸ್ಕಾ ಮರಳನ್ನು. ಕ್ಯಾಡಿಲಾಕ್ ಸುತ್ತಮುತ್ತ ಅದೇ ಬಗೆಯ ನೆಲ ಹೆಚ್ಚು: ಮರಳು, ಹುಳಿ ಗುಣ, ನೀರು ನಿಲ್ಲುವುದಿಲ್ಲ. ಇಂಥ ನೆಲವನ್ನು ಬೇಸಿಗೆಯಲ್ಲಿ ತಿರುವಿ ಹಾಕಿದರೆ ಇದ್ದಬದ್ದ ತೇವವೂ ಎರಡೇ ದಿನದಲ್ಲಿ ಹಾರಿಹೋಗುತ್ತದೆ. ಮೇಲಿನ ತೆಳು ಕಪ್ಪು ಪದರದಲ್ಲಿರುವ ಅಷ್ಟಿಷ್ಟು ಸಾರವೂ ಕರಗುತ್ತದೆ.

ಕಟರ್ ಒಂದರಿಂದಲೇ ಮೊದಲ ವರ್ಷ ಹೀಗೆ ದಾಟಬಹುದು. ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರದಲ್ಲಿ ಮಳೆಯ ಮುನ್ಸೂಚನೆ ನೋಡಿಕೊಂಡು, ನಿಂತಿರುವ ಹುಲ್ಲು-ಕಳೆಯ ಮಧ್ಯದಲ್ಲೇ ಗೋಧಿಯ ಜಾತಿಯ ಧಾನ್ಯವಾದ ಚಳಿಗಾಲದ ರೈ ಬೀಜ ಎರಚಿ. ಎಕರೆಗೆ ಸುಮಾರು 100 ಪೌಂಡ್ ಲೆಕ್ಕದಲ್ಲಿ ನಿಮ್ಮ ಅರ್ಧ ಎಕರೆಗೆ 50 ಪೌಂಡ್, ಅಂದರೆ 23 ಕಿಲೋ ಆಗುತ್ತದೆ. ಎರಚಿದ ಮೇಲೆ ಕಟರ್ ಓಡಿಸಿ. ಕತ್ತರಿಸಿ ಬಿದ್ದ ಹುಲ್ಲೇ ಬೀಜಕ್ಕೆ ಹೊದಿಕೆ, ಅದೇ ತೇವ ಹಿಡಿಯುತ್ತದೆ. ಹಳೆಯ ಗಟ್ಟಿ ಹುಲ್ಲು ಚಾಪೆ ಹಾಸಿದಂತೆ ಹಬ್ಬಿದ್ದರೆ ಮಾತ್ರ ಬೀಜ ನೆಲ ಮುಟ್ಟುವುದಿಲ್ಲ. ಆಗ ಬಿತ್ತುವ ಎರಡು-ಮೂರು ವಾರ ಮುಂಚೆ ಕಳೆನಾಶಕ ಹೊಡೆಯುವುದು ಅಲ್ಲಿನ ರೂಢಿ. ಕಳೆನಾಶಕ ಬೇಡ ಎನ್ನುವವರಿಗೆ ಬಾಡಿಗೆ ಟಿಲ್ಲರ್ ದಾರಿ, ಅದರ ಮಾತು ಮುಂದೆ ಬರುತ್ತದೆ.

ಬಡ ಮರಳಿನಲ್ಲೂ ರೈ ಹಠದಿಂದ ಬರುವ ಬೆಳೆ. ಹಿಮ ಬೀಳುವವರೆಗೆ ಹಸಿರಾಗಿದ್ದು ಜಿಂಕೆಗೆ ಮೇವಾಗುತ್ತದೆ, ಹಿಮ ಕರಗುತ್ತಿದ್ದಂತೆ ಎಲ್ಲಕ್ಕಿಂತ ಮೊದಲು ಚಿಗುರುತ್ತದೆ. ಕ್ಲೋವರ್ ಬಿತ್ತಲು ಅದೇ ಸಮಯ, ಮಾರ್ಚ್. ರಾತ್ರಿ ನೆಲ ಹೆಪ್ಪುಗಟ್ಟಿ ಹಗಲು ಕರಗುವಾಗ ಮಣ್ಣಿನ ಮೇಲ್ಮೈ ಬಿರಿಯುತ್ತದೆ, ಮುಚ್ಚುತ್ತದೆ. ಎರಚಿದ ಸಣ್ಣ ಬೀಜವನ್ನು ಮಣ್ಣು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಟ್ರ್ಯಾಕ್ಟರ್ ಶೆಡ್ಡಿನಲ್ಲೇ ಇರಲಿ, ಬೆಳಿಗ್ಗೆ ನೆಲ ಗಟ್ಟಿಯಾಗಿರುವಾಗ ನಡೆದುಕೊಂಡೇ ಮುಗಿಸಬಹುದು. ಜೇಡಿ ಮಣ್ಣಿನಲ್ಲಿ ಆಗುವಷ್ಟು ಚೆನ್ನಾಗಿ ಮರಳಿನಲ್ಲಿ ಇದು ಆಗುವುದಿಲ್ಲ, ಹಾಗಾಗಿ ಬೀಜ ಸ್ವಲ್ಪ ಧಾರಾಳವಾಗಿರಲಿ. ಬಿಳಿ ಕ್ಲೋವರ್‌ಗೆ ಎಕರೆಗೆ 8 ಪೌಂಡ್ ವಾಡಿಕೆ, ನಿಮ್ಮ ಜಾಗಕ್ಕೆ 5 ಪೌಂಡ್ ಹಾಕಿ. ಬೇರಿನಲ್ಲಿ ಸಾರಜನಕ ಕಟ್ಟುವ ರೈಜೋಬಿಯಂ ಬ್ಯಾಕ್ಟೀರಿಯಾ ಲೇಪಿಸಿದ ಬೀಜವನ್ನೇ ಕೇಳಿ ತಗೊಳ್ಳಿ.

ಇದಕ್ಕೂ ಮೊದಲಿನ ಕೆಲಸ ಒಂದಿದೆ. ಡೀಲರ್‌ಗೆ ಅದರಲ್ಲಿ ಏನೂ ಗಿಟ್ಟುವುದಿಲ್ಲ, ಆದ್ದರಿಂದ ಅವನು ಹೇಳಿಲ್ಲ. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ವಿಸ್ತರಣಾ ವಿಭಾಗದ ಮೂಲಕ ಅಂಚೆಯಲ್ಲೇ ಮಣ್ಣಿನ ಮಾದರಿ ಕಳಿಸಿ ಪರೀಕ್ಷೆ ಮಾಡಿಸಬಹುದು. ಊರಲ್ಲಿ ಕೃಷಿ ವಿಶ್ವವಿದ್ಯಾಲಯಗಳು ರೈತರಿಗೆ ಮಾಡಿಕೊಡುವ ಕೆಲಸವೇ ಇದು. ಕ್ಲೋವರ್‌ಗೆ ಮಣ್ಣಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6ರಿಂದ 7ರ ನಡುವೆ ಇರಬೇಕು. ಕಾಡಂಚಿನ ಮರಳಿನಲ್ಲಿ 5ರ ಹತ್ತಿರ ಬಂದರೆ ಆಶ್ಚರ್ಯವೇನಿಲ್ಲ. ಅದನ್ನು ಸರಿಪಡಿಸದೆ ಎಷ್ಟು ದುಬಾರಿ ಉಪಕರಣ ತಂದರೂ ಕ್ಲೋವರ್ ಹಳದಿ ತಿರುಗಿ ಸಾಯುತ್ತದೆ. ಸುಣ್ಣ ಕೆಲಸ ಮಾಡಲು ತಿಂಗಳುಗಳೇ ಹಿಡಿಯುತ್ತವೆ, ಆದ್ದರಿಂದ ರೈ ಬಿತ್ತುವ ಮೊದಲೇ ಹಾಕಿಬಿಡಿ.

ಸ್ಪ್ರೆಡರ್ ವಿಚಾರ ಬರುವುದು ಇಲ್ಲಿ. ಐದು ಪೌಂಡ್ ಬೀಜಕ್ಕೆ ಟ್ರ್ಯಾಕ್ಟರ್ ಸ್ಪ್ರೆಡರ್ ಹಾಸ್ಯಾಸ್ಪದ. ದೊಡ್ಡ ಯಂತ್ರದ ಬಾಗಿಲು ಕೂದಲೆಳೆಯಷ್ಟು ತೆರೆದರೂ ಅರ್ಧ ಹೊಲಕ್ಕೇ ಬೀಜ ಮುಗಿದಿರುತ್ತದೆ. ಆದರೆ ಮಣ್ಣಿನ ವರದಿ ಎಕರೆಗೆ ಎರಡು ಟನ್ ಸುಣ್ಣ ಕೇಳಿತು ಅಂದುಕೊಳ್ಳಿ. ಅರ್ಧ ಎಕರೆಗೆ ಒಂದು ಟನ್, ಅಲ್ಲಿನ ಲೆಕ್ಕದಲ್ಲಿ 2,000 ಪೌಂಡ್, ಅಂದರೆ 40 ಪೌಂಡ್‌ನ ಐವತ್ತು ಚೀಲ. ಕೈಯಲ್ಲಿ ಎರಚುವ ಮಾತಲ್ಲ. ಆಗ ಟ್ರ್ಯಾಕ್ಟರ್ ಹಿಂದಿನ ಮೂರು ತೋಳಿನ ಕೊಂಡಿಗೆ (ತ್ರೀ-ಪಾಯಿಂಟ್) ಸಿಕ್ಕಿಸುವ, ಶಂಕುವಿನಾಕಾರದ ಕೋನ್ ಸ್ಪ್ರೆಡರ್ ಅನ್ನು ಅಕ್ಕಪಕ್ಕದವರಲ್ಲಿ ಕೇಳಿ ಅಥವಾ ಬಾಡಿಗೆಗೆ ತನ್ನಿ. ಗುಳಿಗೆ ರೂಪದ ಸುಣ್ಣವನ್ನೇ ಹಾಕಿ, ಪುಡಿ ಸುಣ್ಣ ಆ ಶಂಕುವಿನೊಳಗೆ ಕಟ್ಟಿಕೊಂಡು ಕೆಳಗೇ ಇಳಿಯುವುದಿಲ್ಲ. ಒಂದೇ ಸಲ ಬಾಯಿಮಟ್ಟ ತುಂಬಿಸಬೇಡಿ. ಹಿಂದಿನ ಲಿಫ್ಟ್ ಎಷ್ಟು ಭಾರ ಎತ್ತುತ್ತದೆ ಎಂಬುದು ನಿಮ್ಮ ಟ್ರ್ಯಾಕ್ಟರ್ ಕೈಪಿಡಿಯಲ್ಲಿದೆ, ಸಣ್ಣ ಯಂತ್ರಗಳಲ್ಲಿ ಆ ಅಂಕಿ ನಾವು ಊಹಿಸುವುದಕ್ಕಿಂತ ಬಹಳ ಕಡಿಮೆ ಇರುತ್ತದೆ.

ಈಗ ನಿಜವಾದ ಜಗಳಕ್ಕೆ ಬರೋಣ: ಟಿಲ್ಲರ್ ಅಥವಾ ಡಿಸ್ಕ್?

ಟಿಲ್ಲರ್ ಅಂದರೆ ನಮ್ಮ ರೋಟಾವೇಟರೇ. ಅದರ ಮೋಹ ನನಗೆ ಅರ್ಥವಾಗುತ್ತದೆ. ಒಂದೆರಡು ಸುತ್ತಿನಲ್ಲಿ ಹೆಂಟೆಯೆಲ್ಲ ಒಡೆದು ಮಣ್ಣು ರವೆಯಂತಾಗುತ್ತದೆ, ಫೋಟೊ ತೆಗೆಯಬೇಕು ಅನ್ನಿಸುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಕ್ಲೋವರ್ ಬೀಜ ಕಾಲಿಂಚಿಗಿಂತ ಆಳಕ್ಕೆ ಹೋದರೆ ಮೇಲೆ ಬರಲು ಶಕ್ತಿ ಸಾಲದು. ಆರಿಂಚು ಆಳಕ್ಕೆ ಸಡಿಲಾದ ಮಣ್ಣಿನ ಮೇಲೆ ಎರಚಿದ ಬೀಜ ಮೊದಲ ಮಳೆಗೇ ಎಲ್ಲೋ ಇಳಿದುಹೋಗುತ್ತದೆ. ಕೆಳಗೆ ವರ್ಷಗಟ್ಟಲೆ ಮಲಗಿದ್ದ ಕಳೆ ಬೀಜಗಳು ಬೆಳಕು ಕಂಡು ಎದ್ದು ಕೂರುತ್ತವೆ. ಇನ್ನು ಕಲ್ಲು. ಮಿಷಿಗನ್ ಹಿಮನದಿಗಳು ಗುಡಿಸಿ ಹಾಕಿದ ನೆಲ. ಪ್ರತಿ ಚಳಿಗಾಲದ ಹೆಪ್ಪು ಹೊಸ ಕಲ್ಲುಗಳನ್ನು ಮೇಲಕ್ಕೆ ತಳ್ಳುತ್ತದೆ. ಮರಗಳ ನಡುವಿನ ತೆರವಾದ್ದರಿಂದ ಬೇರೂ ಸಿಗುತ್ತದೆ. ಅಡ್ಡಿ ಸಿಕ್ಕಾಗ ಜಾರಿಕೊಳ್ಳುವ ಸ್ಲಿಪ್ ಕ್ಲಚ್ ಇಲ್ಲದ ಅಗ್ಗದ ಟಿಲ್ಲರ್ ಇಂಥ ಕಡೆ, ಯಂತ್ರ ಉಳಿಸಲು ತಾನು ಮುರಿಯುವ ಶಿಯರ್ ಬೋಲ್ಟ್‌ಗಳನ್ನು ತಿನ್ನುತ್ತಲೇ ಇರುತ್ತದೆ.

ಡಿಸ್ಕ್ ಹ್ಯಾರೋ ಅಗ್ಗ. ಪಿಟಿಒ (ಎಂಜಿನ್ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ದಾಟಿಸುವ ತಿರುಗು ದಂಡ) ಬೇಕಿಲ್ಲ, ಗೇರ್‌ಬಾಕ್ಸ್ ಇಲ್ಲ, ಕೆಡುವುದಕ್ಕೆ ಬೇರಿಂಗ್ ಬಿಟ್ಟರೆ ಏನೂ ಇಲ್ಲ. ಕಲ್ಲು ಸಿಕ್ಕರೆ ಹತ್ತಿ ಇಳಿಯುತ್ತದೆ. ಆದರೆ ಡಿಸ್ಕ್ ಕತ್ತರಿಸುವುದು ತನ್ನ ತೂಕದಿಂದ, ಸಣ್ಣ ಟ್ರ್ಯಾಕ್ಟರ್‌ಗೆಂದು ಮಾಡುವ ನಾಲ್ಕಡಿಯ ಡಿಸ್ಕ್‌ಗಳಲ್ಲಿ ಇಲ್ಲದಿರುವುದೂ ಅದೇ. ಜೀವಂತ ಹುಲ್ಲಿನ ಮೇಲೆ ಎಳೆದರೆ ಕುಣಿಯುತ್ತಾ ಹೋಗುತ್ತದೆ, ಗೀರು ಬೀಳುವುದಿಲ್ಲ. ಮೇಲೆ ಸಿಮೆಂಟ್ ಇಟ್ಟಿಗೆ ಬಿಗಿದು, ಬ್ಲೇಡುಗಳ ಸಾಲಿನ ಕೋನ ಹೆಚ್ಚಿಸಿ, ಅಡ್ಡಡ್ಡ ಉದ್ದುದ್ದ ಐದಾರು ಸುತ್ತು ಹೊಡೆಯಬೇಕು. ಮುಂದಿನ ಸಾಲಿನಲ್ಲಿ ಹಲ್ಲಿರುವ ಬ್ಲೇಡು, ಹಿಂದೆ ನುಣುಪಾದ ಬ್ಲೇಡು ಇರುವಂಥದ್ದನ್ನು ಆರಿಸಿದರೆ ಕೊಂಚ ವಾಸಿ.

ನನ್ನನ್ನು ಕೇಳಿದರೆ, ಜಾಗ ಅರ್ಧ ಎಕರೆಗೇ ನಿಲ್ಲುವುದಾದರೆ ಎರಡೂ ಬೇಡ. ಹುಲ್ಲಿನ ಚಾಪೆ ಒಡೆಯಲೇಬೇಕು ಅಂದರೆ ಒಂದು ಶನಿವಾರದ ಮಟ್ಟಿಗೆ ಟಿಲ್ಲರ್ ಬಾಡಿಗೆಗೆ ತಂದು ಎರಡು-ಮೂರು ಇಂಚಿಗಷ್ಟೇ ಇಳಿಸಿ. ಮುಂದೆ ಎರಡು-ಮೂರು ಎಕರೆಗೆ ಬೆಳೆಸುವ ಯೋಚನೆ ಇದ್ದರೆ ಬಳಸಿದ ಭಾರದ ಡಿಸ್ಕ್ ಹುಡುಕಿ. ಎಷ್ಟೋ ಕೌಂಟಿಗಳ ಮಣ್ಣು-ನೀರು ಸಂರಕ್ಷಣಾ ಕಚೇರಿಗಳು ಉಳದೆಯೇ ಬಿತ್ತುವ ನೋ-ಟಿಲ್ ಡ್ರಿಲ್‌ಗಳನ್ನು ಎಕರೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತವೆ. ನಮ್ಮ ಕೂರಿಗೆಯ ಭಾರೀ ಸೋದರ ಅದು. ನಿಮ್ಮ ಕೌಂಟಿಯಲ್ಲಿ ಇದೆಯೇ, ನಿಮ್ಮ ಟ್ರ್ಯಾಕ್ಟರ್ ಅದನ್ನು ಎಳೆಯುತ್ತದೆಯೇ ಎಂದು ಕೇಳಿ ನೋಡಿ, 25 ಎಚ್‌ಪಿಗೆ ಹೆಚ್ಚಿನವು ಭಾರವೇ.

ಪಟ್ಟಿಯಲ್ಲಿ ಉಳಿದದ್ದು ಕಲ್ಟಿಪ್ಯಾಕರ್, ಅಂದರೆ ಏಣುಗಳಿರುವ ಕಬ್ಬಿಣದ ಉರುಳೆ. ನಾಲ್ಕರಲ್ಲಿ ಜನ ಬೇಡ ಎಂದು ಮೊದಲು ತೆಗೆದುಹಾಕುವುದು ಇದನ್ನು, ನಾನು ಕೊನೆಯವರೆಗೂ ಇಟ್ಟುಕೊಳ್ಳುವುದೂ ಇದನ್ನೇ. ಸಣ್ಣ ಬೀಜಕ್ಕೆ ಬೇಕಾದದ್ದು ಆಳವಲ್ಲ, ಮಣ್ಣಿನ ಬಿಗಿ ಸಂಪರ್ಕ. ಮಣ್ಣು ಸಡಿಲ ಮಾಡಿದ್ದರೆ ಒಮ್ಮೆ ಉರುಳೆ ಹೊಡೆದು, ಬೀಜ ಎರಚಿ, ಮತ್ತೊಮ್ಮೆ ಹೊಡೆಯಬೇಕು. ಮೊದಲ ಸುತ್ತಿನ ನಂತರ ಬೂಟು ಕಾಲಿಟ್ಟು ನೋಡಿ, ಹಿಮ್ಮಡಿ ಅರ್ಧ ಇಂಚಿಗಿಂತ ಹೆಚ್ಚು ಇಳಿದರೆ ನೆಲ ಇನ್ನೂ ಸಡಿಲವಾಗಿದೆ. ಕೊಳ್ಳುವ ಮನಸ್ಸಿಲ್ಲದಿದ್ದರೆ ನೀರು ತುಂಬಿಸುವ ಲಾನ್ ರೋಲರ್ ಆಗುತ್ತದೆ. ಅದೂ ಇಲ್ಲವೆಂದರೆ ಟ್ರ್ಯಾಕ್ಟರಿನ ಚಕ್ರಗಳನ್ನೇ ಒತ್ತೊತ್ತಾಗಿ ಓಡಿಸಿದರೂ ಅರ್ಧ ಎಕರೆ ಮುಗಿಯುತ್ತದೆ.

ಕಟರ್ ಆರಿಸುವಾಗ ಅಗಲದ ಆಸೆಗೆ ಬೀಳಬೇಡಿ. ಎಂಜಿನ್ 25 ಎಚ್‌ಪಿ ಅಂದರೆ ಪಿಟಿಒದಲ್ಲಿ ಸಿಗುವುದು ಹದಿನೆಂಟು-ಹತ್ತೊಂಬತ್ತು. ಕಟರ್‌ಗೆ ಅಡಿಗೆ ನಾಲ್ಕೈದು ಎಚ್‌ಪಿ ಎಂಬುದು ಒರಟು ಲೆಕ್ಕ. ಹಾಗಾಗಿ ನಾಲ್ಕಡಿ, ಅದು ಹಿಂದಿನ ಚಕ್ರಗಳ ಹೊರ ಅಂಚನ್ನೂ ಹೆಚ್ಚುಕಡಿಮೆ ಮುಚ್ಚುತ್ತದೆ. ಕೆಟಗರಿ 1 ಹಿಚ್ (ಆ ಮೂರು ತೋಳಿನ ಕೊಂಡಿಯ ಅಳತೆ), 540 ಆರ್‌ಪಿಎಂ ಪಿಟಿಒ ಎರಡನ್ನೂ ಖಚಿತಪಡಿಸಿಕೊಳ್ಳಿ. ಹೊಸಬರು ಎಡವುವುದು ಪಿಟಿಒ ಶಾಫ್ಟಿನಲ್ಲಿ. ಕಟರ್ ಜೊತೆ ಬರುವ ಶಾಫ್ಟ್ ಸಣ್ಣ ಟ್ರ್ಯಾಕ್ಟರ್‌ಗಳಿಗೆ ಎಷ್ಟೋ ಸಲ ಉದ್ದವಾಗುತ್ತದೆ. ಹಾಗೇ ಬಲವಂತವಾಗಿ ಸೇರಿಸಿ ಲಿಫ್ಟ್ ಎತ್ತಿದರೆ ಶಾಫ್ಟ್ ಪೂರ್ತಿ ಒಳಸೇರಿ ಟ್ರ್ಯಾಕ್ಟರಿನ ಬೇರಿಂಗನ್ನೇ ಒತ್ತುತ್ತದೆ. ಅಳತೆ ಮಾಡಿ ಕತ್ತರಿಸಿಕೊಳ್ಳಬೇಕು, ಮೇಲಿನ ಪ್ಲಾಸ್ಟಿಕ್ ಕವಚವನ್ನು ಮಾತ್ರ ಯಾವ ಕಾರಣಕ್ಕೂ ತೆಗೆದಿಡಬಾರದು. ತಲೆಯ ಮೇಲಿನ ರಕ್ಷಣಾ ಕಂಬ ಎತ್ತಿ, ಬೆಲ್ಟ್ ಹಾಕಿಯೇ ಕೂರಿ. ತೆರವಿನಲ್ಲಿ ಬಿದ್ದ ಮರದ ದಿಮ್ಮಿ ಎಳೆಯುವುದಾದರೆ ಕೆಳಗಿನ ಡ್ರಾಬಾರ್‌ಗೇ ಸರಪಳಿ ಕಟ್ಟಿ. ಮೂರು ತೋಳುಗಳಲ್ಲಿ ಮೇಲಿನದಾದ ಟಾಪ್ ಲಿಂಕ್‌ಗೆ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಮುಂಗಾಲೆತ್ತಿ ಹಿಂದಕ್ಕೆ ಮಗುಚುತ್ತದೆ.

ಇದೇ ಕಟರ್ ಮುಂದೆಯೂ ಪ್ರತಿ ವರ್ಷ ಬೇಕು. ರೈ ತೆನೆ ಬಲಿತ ಮೇಲೆ ಮತ್ತು ಕ್ಲೋವರ್ ಮೇಲೆ ಕಳೆ ತಲೆ ಎತ್ತಿದಾಗ ಆರೆಂಟು ಇಂಚು ಬಿಟ್ಟು ಸವರಬೇಕು. ಅದನ್ನು ಜುಲೈಗೆ ಇಟ್ಟುಕೊಳ್ಳಿ. ಮೇ ಕೊನೆಯಿಂದ ಜೂನ್‌ವರೆಗೆ ಜಿಂಕೆ ಮರಿ ಹಾಕುವ ಕಾಲ. ಅಪಾಯ ಬಂದರೆ ಓಡದೆ ಹುಲ್ಲಿನಲ್ಲಿ ಅಂಟಿಕೊಂಡು ಮಲಗುವುದು ಎಳೆಮರಿಯ ಸ್ವಭಾವ, ಟ್ರ್ಯಾಕ್ಟರ್ ಮೇಲಿಂದ ಕಾಣುವುದೇ ಇಲ್ಲ. ಟರ್ಕಿ ಮೊಟ್ಟೆ, ಮರಿಗಳದ್ದೂ ಅದೇ ಹೊತ್ತು. ಅವುಗಳ ಮರಿಗಳಿಗೆ ಕ್ಲೋವರ್ ಎಲೆಗಿಂತ ಅದರೊಳಗಿನ ಹುಳುಹುಪ್ಪಟೆ ಮುಖ್ಯ.

ಕಾನೂನಿನ ಒಂದು ಮಾತು. ಕ್ಯಾಡಿಲಾಕ್ ಇರುವ ಮಿಷಿಗನ್‌ನ ಕೆಳ ಪರ್ಯಾಯ ದ್ವೀಪದಲ್ಲಿ ಜಿಂಕೆಗೆ ಮೆಕ್ಕೆಜೋಳ, ಬೀಟ್ ಸುರಿದು ಹಾಕುವುದನ್ನು, ಜಿಂಕೆಗಳಲ್ಲಿ ಹರಡುವ ಮಾರಕ ಕ್ರಾನಿಕ್ ವೇಸ್ಟಿಂಗ್ ರೋಗದ ಭಯದಿಂದ 2019ರಲ್ಲಿ ನಿಷೇಧಿಸಿದರು. ನೆಲದಲ್ಲಿ ಬೆಳೆದು ನಿಂತ ಮೇವು ಆ ಲೆಕ್ಕಕ್ಕೆ ಬರುವುದಿಲ್ಲ. ನಿಯಮ ಬದಲಾಗುತ್ತಿರುತ್ತದೆ, ಬೇರೆ ರಾಜ್ಯದವರು ತಮ್ಮ ರಾಜ್ಯದ್ದನ್ನು ನೋಡಿಕೊಳ್ಳಿ. ಇದನ್ನು ಓದಿ ಕೊಡಗಿನಲ್ಲೋ ಹಾಸನದಲ್ಲೋ ತೋಟದಂಚಿಗೆ ಮೇವು ಬಿತ್ತುವ ಹುಮ್ಮಸ್ಸು ಯಾರಿಗಾದರೂ ಬಂದರೆ ದಯವಿಟ್ಟು ಬೇಡ. ಅಲ್ಲಿ ಜಿಂಕೆಯ ಹಿಂದೆ ಕಾಡುಹಂದಿ, ಆನೆಯೂ ಬರುತ್ತವೆ, ಅಟ್ಟಣೆ ಏರಿ ರಾತ್ರಿಯಿಡೀ ಗದ್ದೆ ಕಾಯುವ ಪಕ್ಕದವರು ಸುಮ್ಮನಿರುವುದಿಲ್ಲ.

ಉಳಿದ ದುಡ್ಡಿನಲ್ಲಿ ನಾಲ್ಕಡಿ ಎತ್ತರದ ತಂತಿ ಬಲೆ ಒಂದಿಷ್ಟು ತನ್ನಿ. ಅದನ್ನು ಸುತ್ತಿ ಒಂದು ಗಜ ಅಗಲದ ಬುಟ್ಟಿ ಮಾಡಿ ಹೊಲದ ಮಧ್ಯೆ ಗೂಟ ಹೊಡೆದು ನಿಲ್ಲಿಸಿ. ಬಲೆಯೊಳಗೆ ಕ್ಲೋವರ್ ಮೊಣಕಾಲುದ್ದ ಬಂದು ಹೊರಗೆ ನೆಲಕ್ಕಂಟಿದ್ದರೆ ಬಿತ್ತನೆ ಗೆದ್ದಿದೆ, ಜಿಂಕೆಗೆ ಜಾಗ ಸಾಲದಾಗಿದೆ. ಒಳಗೂ ಹೊರಗೂ ಒಂದೇ ಥರ ಬೋಳಾಗಿದ್ದರೆ ಮಣ್ಣಿನ ವರದಿಯನ್ನು ಮತ್ತೊಮ್ಮೆ ತೆಗೆದು ನೋಡಿ. ಡೀಲರ್‌ಗೆ ಫೋನ್ ಮಾಡಬೇಕೋ ಬೇಡವೋ ಎಂಬುದನ್ನು ಅದಾದ ಮೇಲೆ ತೀರ್ಮಾನಿಸಿದರೆ ಸಾಕು.